ಗುರುವಾರದ ನಾಯಕಿ

ನಮ್ಮ ಸೋದರತ್ತೆಗೂ ಅವರ ಮಗನಿಗೂ ನಡುವೆ ಕೆಲವು ವರ್ಷಗಳಿಂದ ತೀರದ ವ್ಯಾಜ್ಯವೊಂದಿದೆ. ಆಸ್ತಿಪಾಸ್ತಿಗೆ ಸಂಬಂಧಿಸಿದ್ದಲ್ಲ, ಒಂದು ಸಂಗೀತ ನಾಟಕಕ್ಕೆ ಸಂಬಂಧಿಸಿದ್ದು. ಭಾವ ನ್ಯೂಜೆರ್ಸಿಯಲ್ಲಿ ಉದ್ಯೋಗದಲ್ಲಿದ್ದಾರೆ. 2022ರ ಅಕ್ಟೋಬರಿನಲ್ಲಿ ಅತ್ತೆ ಅಲ್ಲಿಗೆ ಹೋಗಿದ್ದಾಗ ಅವರನ್ನು ನ್ಯೂಯಾರ್ಕಿನ ಆಗಸ್ಟ್ ವಿಲ್ಸನ್ ರಂಗಮಂದಿರಕ್ಕೆ ಕರೆದೊಯ್ದು ‘ಫನ್ನಿ ಗರ್ಲ್’ ನಾಟಕವನ್ನು ತೋರಿಸಿದರು. ನಾಟಕಪ್ರಿಯರೆಲ್ಲ ಲಿಯಾ ಮಿಷೆಲ್ ಎಂಬ ನಟಿಯ ಹೆಸರನ್ನೇ ಜಪಿಸುತ್ತಿದ್ದ ಕಾಲವದು. ಉಳಿದ ದಿನಗಳಿಗಿಂತ ಗುರುವಾರ ಟಿಕೆಟ್ಟು ಅಗ್ಗವಾಗಿರುವುದನ್ನು ಕಂಡು, ಏಕೆಂದು ವಿಚಾರಿಸುವ ಗೋಜಿಗೆ ಹೋಗದೆ, ಭಾವ ಗುರುವಾರಕ್ಕೇ ಎರಡು ಆಸನಗಳನ್ನು ಗೊತ್ತುಮಾಡಿದರು. ಒಳಗೆ ಹೋಗಿ ಕುಳಿತು ಕೈಪುಸ್ತಕವನ್ನು ಬಿಡಿಸಿದಾಗ ಸಂಗತಿ ಬಯಲಾಯಿತು. ಮಿಷೆಲ್ ಅವರು ವಾರಕ್ಕೆ ಏಳೇ ಪ್ರದರ್ಶನಗಳಲ್ಲಿ ಅಭಿನಯಿಸುವರು. ಗುರುವಾರದ ನಾಯಕಿ ಜೂಲಿ ಬೆಂಕೊ ಎಂಬ ಬೇರೊಬ್ಬ ನಟಿ.

ಭಾವನ ಮುಖ ಸಪ್ಪಗಾಯಿತು. ಅತ್ತೆಗಾದರೋ ಇಬ್ಬರೂ ಅಪರಿಚಿತರೇ. ಅವರು ಎರಡೂವರೆ ಗಂಟೆ ಮೈಮರೆತು ನೋಡಿ, ಕೊನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಬಂದರು. ಅಂದಿನಿಂದ ವಾದ ನಡೆದೇ ಇದೆ. “ಮೋಸಹೋದೆವಮ್ಮ” ಎಂದು ಮಗ. “ನೀನು ಹೋಗಿರಬಹುದು ಕಣೋ, ನಾನಂತೂ ಹೋಗಲಿಲ್ಲ” ಎಂದು ತಾಯಿ. ಕನ್ನಡ ಎಂ.ಎ. ಮಾಡಿದವನಿಗೆ ನಾಟಕದ ವಿಷಯ ತಿಳಿದಿರಲೇಬೇಕೆಂಬ ಭ್ರಮೆಯಿಂದ ಮಧ್ಯಸ್ಥಿಕೆಗೆ ನನ್ನನ್ನು ಎಳೆದರು. ಒಪ್ಪಿಕೊಂಡ ತಪ್ಪಿಗೆ ನಾನು ಈ ವಿಷಯವನ್ನು ಒಂದಿಷ್ಟು ಓದಬೇಕಾಯಿತು. ಓದಿದಾಗ ತಿಳಿದದ್ದೇನೆಂದರೆ, ನಮ್ಮ ಮನೆಯ ಜಗಳವು ನ್ಯೂಯಾರ್ಕಿನ ನಾಟಕಾಭಿಮಾನಿಗಳೆಲ್ಲರ ಜಗಳವೇ ಆಗಿತ್ತು.

‘ಫನ್ನಿ ಗರ್ಲ್’ ಮೊದಲು ರಂಗವನ್ನೇರಿದ್ದು 1964ರ ಮಾರ್ಚಿನಲ್ಲಿ. ಜೂಲ್ ಸ್ಟೈನರ ಸಂಗೀತ, ಬಾಬ್ ಮೆರಿಲ್ಲರ ಗೀತೆಗಳು. ಫ್ಯಾನಿ ಬ್ರೈಸ್ ಎಂಬ ನಿಜವಾದ ಹಾಸ್ಯನಟಿಯ ಜೀವನವೇ ಕಥಾವಸ್ತು. ಆ ಪಾತ್ರವನ್ನು ಧರಿಸಿದಾಕೆ ಬಾರ್ಬ್ರಾ ಸ್ಟ್ರೈಸಾಂಡ್. ಆಗ ಆಕೆಗೆ ಇಪ್ಪತ್ತೊಂದೇ ವರ್ಷ. ಆಕೆಯ ನೆರಳು ಎಷ್ಟು ದಟ್ಟವಾಗಿ ಬಿದ್ದಿತೆಂದರೆ, ಬ್ರಾಡ್‌ವೇಯಲ್ಲಿ ಆ ನಾಟಕವನ್ನು ಮತ್ತೆ ಮುಟ್ಟುವ ಧೈರ್ಯ ಐವತ್ತೆಂಟು ವರ್ಷ ಯಾರಿಗೂ ಬರಲಿಲ್ಲ. 2022ರ ಏಪ್ರಿಲಿನಲ್ಲಿ ಬಂದ ಪುನಃಪ್ರಯೋಗದ ನಾಯಕಿ ಬೀನಿ ಫೆಲ್ಡ್‌ಸ್ಟೈನ್. ವಿಮರ್ಶಕರು ಮೆಚ್ಚಲಿಲ್ಲ, ಜುಲೈ ಕೊನೆಗೆ ಆಕೆ ನಿರ್ಗಮಿಸಿದರು. ಸೆಪ್ಟೆಂಬರಿನಲ್ಲಿ ಲಿಯಾ ಮಿಷೆಲ್ ಬಂದರು. ನಡುವಣ ಆಗಸ್ಟ್ ತಿಂಗಳನ್ನು ಹೊತ್ತು ನಡೆದವರು, ಅದುವರೆಗೆ ಬದಲಿ ನಟಿಯಾಗಿ ತೆರೆಯ ಹಿಂದೆ ಕಾಯುತ್ತಿದ್ದ ಜೂಲಿ ಬೆಂಕೊ. ಆಕೆಗೆ ಮುಂದೆ ಗುರುವಾರವೊಂದು ಶಾಶ್ವತವಾಗಿ ದೊರೆಯಿತು.

ಇಲ್ಲಿ ವಾಚಕರಿಗೆ ಬ್ರಾಡ್‌ವೇಯ ವಾರದ ಲೆಕ್ಕವನ್ನು ತಿಳಿಸಬೇಕು. ವಾರಕ್ಕೆ ಎಂಟು ಪ್ರದರ್ಶನ ಅಲ್ಲಿನ ರೂಢಿ: ಸಾಮಾನ್ಯವಾಗಿ ಐದು ರಾತ್ರಿ, ಮೂರು ಮ್ಯಾಟಿನಿ, ಸೋಮವಾರ ವಿರಾಮ. ಮ್ಯಾಟಿನಿಯಿದ್ದ ದಿನ ಮಧ್ಯಾಹ್ನ ಒಮ್ಮೆ ಹಾಡಿ, ಊಟ ಮುಗಿಸಿ, ರಾತ್ರಿ ಮತ್ತೆ ಅದನ್ನೇ ಹಾಡಬೇಕು. ರಂಗಮಂದಿರದ ಬಾಡಿಗೆ, ವಾದ್ಯಗಾರರ ಸಂಬಳ, ಪ್ರಚಾರದ ವೆಚ್ಚ ಎಲ್ಲವೂ ವಾರದ ಲೆಕ್ಕದಲ್ಲಿಯೇ ಏರುವುದರಿಂದ ನಿರ್ಮಾಪಕನಿಗೆ ಎಂಟು ಬೇಕು. ಹೀಗೆ ಎಂಟು ಎಂಬ ಸಂಖ್ಯೆ ಹುಟ್ಟಿದ್ದು ಗಲ್ಲಾಪೆಟ್ಟಿಗೆಯಲ್ಲಿ. ಗಾಯಕನ ಗಂಟಲನ್ನು ಪರೀಕ್ಷಿಸಿ ಯಾವ ವೈದ್ಯನೂ ಅದನ್ನು ನಿಗದಿಮಾಡಲಿಲ್ಲ. ಆದರೂ ಕಾಲಕ್ರಮದಲ್ಲಿ ಅದೊಂದು ವ್ರತವೆಂಬಂತಾಯಿತು. ಎಂಟನ್ನೂ ಮಾಡುವವನು ನಟ. ಏಳು ಮಾಡುವವನು ಸೋಮಾರಿ!

ಈ ವ್ರತನಿಷ್ಠರಿಗೆ ಒಬ್ಬ ಆರಾಧ್ಯದೇವತೆ ಇದ್ದಾರೆ: ಕ್ಯಾರೊಲ್ ಚಾನಿಂಗ್. 1964ರ ಜನವರಿಯಲ್ಲಿ ಆರಂಭವಾದ ‘ಹಲೋ, ಡಾಲಿ!’ಯ ನಾಯಕಿ. ಪ್ರದರ್ಶನವನ್ನು ತಪ್ಪಿಸುವುದೆಂದರೇನೆಂದೇ ಅರಿಯದವರೆಂದು ಆಕೆಯ ಖ್ಯಾತಿ. 1995ರಲ್ಲಿ ಅದೇ ಪಾತ್ರದಲ್ಲಿ ಬ್ರಾಡ್‌ವೇಗೆ ಮರಳಿದಾಗ ಆಕೆಗೆ ಎಪ್ಪತ್ತನಾಲ್ಕು ವರ್ಷ. 2017ರಲ್ಲಿ ಅದೇ ನಾಟಕದ ಪುನಃಪ್ರಯೋಗದಲ್ಲಿ ಎಪ್ಪತ್ತೊಂದು ವರ್ಷದ ಬೆಟ್ಟೆ ಮಿಡ್ಲರ್ ಡಾಲಿಯಾದರು. ಟಿಕೆಟ್ಟು ಮಾರಾಟಕ್ಕಿಟ್ಟ ಮೊದಲ ದಿನವೇ 90 ಲಕ್ಷ ಡಾಲರಿಗೂ ಮಿಗಿಲಾದ ವ್ಯಾಪಾರವಾಯಿತು. ಜೂನ್ ತಿಂಗಳಿಂದ ಮಂಗಳವಾರದ ರಾತ್ರಿಗಳಲ್ಲಿ ಮಿಡ್ಲರ್ ಬರುವುದಿಲ್ಲ, ಡಾನಾ ಮರ್ಫಿ ಬರುತ್ತಾರೆ ಎಂದು ಸಾರಿದಾಗ ಅಭಿಮಾನಿಗಳಲ್ಲಿ ಎರಡು ಪಂಗಡಗಳಾದವು. ಚಾನಿಂಗರಿಗೆ ಸಾಧ್ಯವಾದದ್ದು ಈಕೆಗೇಕೆ ಸಾಧ್ಯವಿಲ್ಲ ಎಂದು ಒಂದು ಪಂಗಡ. ಮರ್ಫಿಯೇನು ಸಾಮಾನ್ಯಳೇ, ಎರಡು ಸಲ ಟೋನಿ ಪ್ರಶಸ್ತಿ ಗೆದ್ದವಳು, ಮಂಗಳವಾರವೇ ಹೋಗಿ ನೋಡಿ ಎಂದು ಇನ್ನೊಂದು. ಮರ್ಫಿಯ ಕಂಠವೇ ಆ ಪಾತ್ರಕ್ಕೆ ಹೆಚ್ಚು ಒಪ್ಪುತ್ತದೆಂದು ಎರಡನ್ನೂ ನೋಡಿಬಂದು ಹೇಳಿದ ರಸಿಕರೂ ಇದ್ದರು. ಆದರೂ ಮಿಡ್ಲರ್ ರಜೆಯಲ್ಲಿದ್ದಾಗ ಗಲ್ಲಾಪೆಟ್ಟಿಗೆ ಸೊರಗಿತು. ಜನ ಬರುತ್ತಿದ್ದುದು ಡಾಲಿಗಾಗಿ ಅಲ್ಲ, ಮಿಡ್ಲರಿಗಾಗಿ ಎಂಬುದು ನಿರ್ಮಾಪಕನಿಗೂ ತಿಳಿದಿತ್ತು, ಜನಕ್ಕೂ ತಿಳಿದಿತ್ತು.

ಚಾನಿಂಗರ ಉದಾಹರಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಬ್ಬರ ದೇಹದ ಅದೃಷ್ಟವನ್ನು ಎಲ್ಲರ ಕರ್ತವ್ಯವನ್ನಾಗಿ ಮಾಡುವುದು ನ್ಯಾಯವಲ್ಲ. ಧ್ವನಿತಂತುಗಳೆಂದರೆ ಬೆರಳಿನ ಉಗುರಿನಷ್ಟು ಉದ್ದದ ಎರಡು ಮಡಿಕೆಗಳು. ಪಿಯಾನೋದ ನಡುವಣ ‘ಎ’ ಸ್ವರವನ್ನು ಹಾಡುವಾಗ ಅವು ಸೆಕೆಂಡಿಗೆ 440 ಸಲ ಒಂದಕ್ಕೊಂದು ತಾಗುತ್ತವೆ. ಫ್ಯಾನಿಯ ಪಾತ್ರದಲ್ಲಿ ಅದಕ್ಕಿಂತ ಮೇಲಿನ ಸ್ವರಗಳನ್ನು ಎದೆ ತುಂಬಿ ಎತ್ತಬೇಕು. ಆಕೆ ರಂಗದಿಂದ ಮರೆಯಾಗುವ ಗಳಿಗೆಗಳೇ ಅಪರೂಪ. ಒಪೆರಾದ ಮುಖ್ಯ ಗಾಯಕರು ಒಂದು ರಾತ್ರಿ ಹಾಡಿದರೆ ಒಂದೆರಡು ದಿನ ಗಂಟಲಿಗೆ ವಿಶ್ರಾಂತಿ ಕೊಡುವುದು ಸಾಮಾನ್ಯ. ಅದನ್ನು ಯಾರೂ ಸೋಮಾರಿತನವೆನ್ನುವುದಿಲ್ಲ. ಸಂಗೀತ ನಾಟಕದಲ್ಲಿ ಧ್ವನಿವರ್ಧಕದ ನೆರವುಂಟು, ನಿಜ. ಆದರೆ ಧ್ವನಿವರ್ಧಕವು ದನಿಯನ್ನು ದೊಡ್ಡದು ಮಾಡಬಲ್ಲುದು. ಊದಿಕೊಂಡ ಗಂಟಲನ್ನು ಇಳಿಸಲಾರದು.

ಜೂಲಿ ಆಂಡ್ರ್ಯೂಸರ ಕಥೆ ಎಲ್ಲರೂ ಬಲ್ಲದ್ದೇ. ‘ಮೈ ಫೇರ್ ಲೇಡಿ’ಯ ಎಲೈಜಾ, ‘ಸೌಂಡ್ ಆಫ್ ಮ್ಯೂಸಿಕ್’ ಚಲನಚಿತ್ರದ ಮರಿಯಾ. ಅರವತ್ತನೆಯ ವಯಸ್ಸಿನಲ್ಲಿ, 1995ರಲ್ಲಿ, ‘ವಿಕ್ಟರ್/ವಿಕ್ಟೋರಿಯಾ’ ಎಂಬ ನಾಟಕದೊಂದಿಗೆ ಬ್ರಾಡ್‌ವೇಗೆ ಮರಳಿದರು. 1997ರ ನಡುವಿನವರೆಗೆ ಹಾಡಿದರು. ಗಂಟಲು ತೊಂದರೆ ಕೊಡತೊಡಗಿತು. ಅದೇ ವರ್ಷ ಶಸ್ತ್ರಚಿಕಿತ್ಸೆಯಾಯಿತು. ಆ ಕಂಠ ಮರಳಿ ಬರಲಿಲ್ಲ. ಕೆಟ್ಟದ್ದು ಚಿಕಿತ್ಸೆಯಿಂದಲೇ ಎಂಬುದು ಆಕೆಯ ದೂರಾಗಿತ್ತು. ಆ ಚರ್ಚೆ ನಮಗೆ ಬೇಡ. ಆದರೆ ಶಸ್ತ್ರವೈದ್ಯನ ಮೇಜಿನವರೆಗೆ ಆಕೆಯನ್ನು ಕರೆದೊಯ್ದ ದಾರಿ ಆ ನಾಟಕದ ಮೂಲಕವೇ ಹಾದುಹೋಗಿತ್ತು. ಭಾವನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಷ್ಟರಲ್ಲಿ ಅತ್ತೆ ತಮ್ಮ ಬಾಲ್ಯದ ಕಂಪೆನಿ ನಾಟಕವೊಂದನ್ನು ನೆನೆದರು. ಜಾತ್ರೆಯ ಡೇರೆ. ರಾಜಪಾರ್ಟಿನವರು ಮೊದಲ ಅಂಕದ ಹಾಡು ಮುಗಿಸುತ್ತಲೇ ‘ಒನ್ಸ್ ಮೋರ್’ ಕೂಗು. ಮತ್ತೆ ಹಾಡಿದರೆ ಮತ್ತೆ ಕೂಗು. ಮೂರನೆಯ ಅಂಕದ ಹೊತ್ತಿಗೆ ರಾಜನ ಗಂಟಲು ಕಟ್ಟಿ, ಹಾರ್ಮೋನಿಯಂ ಮೇಷ್ಟ್ರೇ ಹಾಡನ್ನು ಎತ್ತಿಕೊಂಡು ಮರ್ಯಾದೆ ಉಳಿಸಿದರಂತೆ. “ಕೂಗಿದವರಲ್ಲಿ ನಮ್ಮಪ್ಪನೂ ಇದ್ದರು” ಎಂದರು ಅತ್ತೆ. ಅಭಿಮಾನವೆಂಬುದು ಎಲ್ಲಿಯೂ ಒಂದೇ ಬಗೆಯ ಹಸಿವು.

ಸರದಿಯ ನಾಯಕಿಯೆಂಬುದು ಮಿಷೆಲ್ ಅವರಿಗಾಗಿ ಕಂಡುಹಿಡಿದ ಹೊಸ ಏರ್ಪಾಡೇನೂ ಅಲ್ಲ. 1979ರಲ್ಲಿ ‘ಎವಿಟಾ’ ಬ್ರಾಡ್‌ವೇಗೆ ಬಂದಾಗ ಪ್ಯಾಟಿ ಲುಪೋನ್ ರಾತ್ರಿಗಳನ್ನು ನಡೆಸಿದರು, ಮ್ಯಾಟಿನಿಗಳಿಗೆ ಬೇರೊಬ್ಬರಿದ್ದರು. ‘ಫ್ಯಾಂಟಮ್ ಆಫ್ ದಿ ಆಪೆರಾ’ದ ಕ್ರಿಸ್ಟೀನಳ ಪಾತ್ರಕ್ಕೂ ಹಾಗೆಯೇ: ಪ್ರಧಾನ ನಟಿಗೆ ವಾರಕ್ಕೆ ಆರು, ಸರದಿಯವಳಿಗೆ ಎರಡು. ಸ್ವರಗಳ ಕಾಠಿಣ್ಯವನ್ನು ಅಳೆದು ಮಾಡಿದ ಏರ್ಪಾಡಾದ್ದರಿಂದ ಅದನ್ನು ವಂಚನೆಯೆನ್ನಲಾಗದು.

ಹಾಗಾದರೆ ಭಾವನ ದೂರಿನಲ್ಲಿ ಹುರುಳೇ ಇಲ್ಲವೆ? ಇದೆ. ಗೋಡೆಯ ಮೇಲಿನ ಹೆಸರು ಆಳೆತ್ತರದ ಅಕ್ಷರಗಳಲ್ಲಿ. ಗುರುವಾರದ ವಿಚಾರ ಹುಡುಕಿದವರಿಗೆ ಮಾತ್ರ ಕಾಣುವ ಅಕ್ಷರಗಳಲ್ಲಿ. ನಾಟಕದ ಶೀರ್ಷಿಕೆಗಿಂತ ಮೇಲೆ ಹೆಸರು ಮುದ್ರಿತವಾದ ತಾರೆ ಅಕಸ್ಮಾತ್ತಾಗಿ ಬಾರದಿದ್ದರೆ ಪ್ರೇಕ್ಷಕನು ಹಣವನ್ನು ಹಿಂದಕ್ಕೆ ಪಡೆಯಬಹುದೆಂಬ ವಾಡಿಕೆ ಅಲ್ಲಿದೆ. ಮೊದಲೇ ಸಾರಿದ ಗೈರುಹಾಜರಿಗೆ ಅದು ಅನ್ವಯಿಸದು. ನ್ಯಾಯಾಲಯದ ಭಾಷೆಯಲ್ಲಿ ಇದು ಸರಿ. ಆದರೆ ವರ್ಷಕ್ಕೊಮ್ಮೆ ದೂರದೂರಿನಿಂದ ಸಂಸಾರಸಮೇತ ಬರುವವನು, ವಯಸ್ಸಾದ ತಾಯಿಯನ್ನು ಸಾಗರದಾಚೆಯಿಂದ ಕರೆಸಿಕೊಂಡವನು, ಹೆಸರನ್ನು ಕಂಡು ಹಣ ಕೊಡುತ್ತಾನೆ. ಯಾವ ಹೆಸರಿನ ಬಲದಿಂದ ನಿರ್ಮಾಪಕನು ಟಿಕೆಟ್ಟಿನ ಬೆಲೆಯನ್ನು ಏರಿಸುತ್ತಾನೋ ಆ ಹೆಸರಿಲ್ಲದ ದಿನವನ್ನು ಅಷ್ಟೇ ದಪ್ಪಕ್ಷರದಲ್ಲಿ ಹೇಳುವ ಋಣ ಅವನ ಮೇಲಿದೆ. ಅಭಿಮಾನಿಗಳು ಈ ಕೋಪವನ್ನು ನಟಿಯ ಮೇಲೆ ತೀರಿಸಿಕೊಂಡದ್ದೇ ನನಗೆ ವಿಚಿತ್ರವಾಗಿ ಕಂಡದ್ದು. ಎಂಟು ವರ್ಷದ ಹುಡುಗಿಯಾಗಿದ್ದಾಗಲೇ ‘ಲೆ ಮಿಜರಾಬ್ಲ್’ ನಾಟಕದಲ್ಲಿ ಬ್ರಾಡ್‌ವೇಯನ್ನು ಏರಿದ ಮಿಷೆಲ್ ಅವರಿಗೆ ಎಂಟರ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನು ಗುರುವಾರದವಳ ಮಾತು. ಬದಲಿ ನಟಿಯ ಬಾಳು ವಿಲಕ್ಷಣವಾದುದು. ಪಾತ್ರವೆಲ್ಲ ಬಾಯಿಪಾಠ; ಉಡುಪು ಸಿದ್ಧ; ಆದರೆ ಇನ್ನೊಬ್ಬರಿಗೆ ಜ್ವರ ಬರುವವರೆಗೆ ತನಗೆ ರಂಗವಿಲ್ಲ. ಜ್ವರ ಬರಲೆಂದು ಹಾರೈಸುವಂತೆಯೂ ಇಲ್ಲ. 1964ರ ‘ಫನ್ನಿ ಗರ್ಲ್’ನಲ್ಲಿ ಸ್ಟ್ರೈಸಾಂಡರಿಗೆ ಬದಲಿಯಾಗಿದ್ದವರು ಲೇನಿ ಕಜಾನ್. ತಿಂಗಳುಗಟ್ಟಲೆ ಕಾದ ಮೇಲೆ ಆಕೆಗೆ ಸಿಕ್ಕಿದ್ದು ಒಂದೇ ದಿನದ ಎರಡು ಪ್ರದರ್ಶನ. ಆ ಅವಕಾಶ ಕೈಬಿಡಬಾರದೆಂದು ಪತ್ರಿಕೆಯವರಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಮರುದಿನ ಸ್ಟ್ರೈಸಾಂಡ್ ರಂಗಕ್ಕೆ ಹಿಂದಿರುಗಿದರು; ಕಥೆ ಮುಗಿಯಿತು. ಅದೇ ನಾಟಕ, ಅದೇ ಪಾತ್ರ, ಐವತ್ತೆಂಟು ವರ್ಷಗಳ ಬಳಿಕ ಬೆಂಕೊಗೆ ಮಾತ್ರ ವಾರಕ್ಕೊಂದು ರಾತ್ರಿ ಹಕ್ಕಾಗಿ ಬಂದಿತು. 2023ರ ಸೆಪ್ಟೆಂಬರಿನಲ್ಲಿ ನಾಟಕ ಮುಗಿಯುವ ಹೊತ್ತಿಗೆ ಗುರುವಾರವೇ ಬೇಕೆಂದು ಟಿಕೆಟ್ಟು ಕೊಳ್ಳುವವರು ಹುಟ್ಟಿಕೊಂಡಿದ್ದರು. ಮಿಷೆಲ್ ಎಂಟನೆಯ ಪ್ರದರ್ಶನವನ್ನೂ ತಮ್ಮಲ್ಲೇ ಇರಿಸಿಕೊಂಡಿದ್ದರೆ ಆ ಜನರಿಗೆ ಬೆಂಕೊ ಯಾರೆಂದೇ ತಿಳಿಯುತ್ತಿರಲಿಲ್ಲ.

ನಾನು ತೀರ್ಪು ಹೇಳಿದೆ: ನಟಿಯ ತಪ್ಪಿಲ್ಲ, ಮುದ್ರಣಾಲಯದ ಅಕ್ಷರದ ಗಾತ್ರದಲ್ಲಿ ತಪ್ಪಿದೆ, ಕಾರಣ ಕೇಳದೆ ಅಗ್ಗಕ್ಕೆ ಕೈಚಾಚಿದ ಭಾವನಲ್ಲಿಯೂ ಒಂದಷ್ಟು ಇದೆ. ಕಡೆಯ ಮಾತು ಅವರಿಗೆ ಹಿಡಿಸಲಿಲ್ಲ. “ನೀನು ಅಮ್ಮನ ಕಡೆಯವನೇ ಬಿಡು” ಎಂದರು.

ಅತ್ತೆ ಎದ್ದುಹೋಗಿ ಬೀರುವಿನಿಂದ ಆ ಕೈಪುಸ್ತಕವನ್ನು ತಂದರು. ಮದುವೆಯ ಲಗ್ನಪತ್ರಿಕೆಗಳ ಜೊತೆಗೆ ಅದನ್ನು ಕಟ್ಟಿಟ್ಟಿದ್ದರು. ಭಾವ ಕನ್ನಡಕ ಏರಿಸಿಕೊಂಡು ಹಾಳೆ ತಿರುವಿದರು; ಹೆಸರಿನ ಮೇಲೆ ಬೆರಳಿಟ್ಟು, “ಇವಳು ಈಗ ಯಾವ ನಾಟಕದಲ್ಲಿದ್ದಾಳೋ?” ಎಂದು ತಮಗೆ ತಾವೇ ಎಂಬಂತೆ ಕೇಳಿದರು. ಅತ್ತೆ ಉತ್ತರ ಕೊಡಲಿಲ್ಲ. ಪುಸ್ತಕವನ್ನು ಮಗನ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒಮ್ಮೆ ಒರೆಸಿ, ಮತ್ತೆ ಒಳಗಿಟ್ಟು ಬೀಗ ಹಾಕಿದರು.