ಗೃಹಧರ್ಮ: ಬಾಡಿಗೆಯ ಉಗ್ರಾಣದಲ್ಲಿ ಇಡುವುದೇನು, ಇಡಬಾರದುದೇನು?



ಮಾಗಡಿ ತಾಲ್ಲೂಕಿನ ಸಾವನದುರ್ಗದ ತಪ್ಪಲಲ್ಲಿ ನೆಲೆಸಿರುವ ಸಾವಂದಿ ವೀರಭದ್ರೇಶ್ವರಸ್ವಾಮಿಯ ದರ್ಶನ ಮುಗಿಸಿ ನಾವು ಮರದ ನೆರಳಿನಲ್ಲಿ ಕುಳಿತಿದ್ದಾಗ, ಸಮೀಪದ ಗ್ರಾಮದ ಒಂದು ಭಕ್ತ ಕುಟುಂಬ ನಮ್ಮೊಡನೆ ಮಾತಿಗೆ ಕುಳಿತಿತು. ವೃದ್ಧ ತಾಯಿ, ಮೂವರು ಗಂಡುಮಕ್ಕಳು, ಸೊಸೆಯರು. ಯಜಮಾನರು ಲಿಂಗೈಕ್ಯರಾದ ಮೇಲೆ ಶಿಥಿಲವಾಗಿದ್ದ ನಾಡಹೆಂಚಿನ ತೊಟ್ಟಿಮನೆಯನ್ನು ಕೆಡವಿ ಹೊಸ ಮನೆ ಕಟ್ಟಿಸುವುದೆಂದು ನಿಶ್ಚಯವಾಯಿತು. ಮಕ್ಕಳೆಲ್ಲರೂ ಬೆಂಗಳೂರಿನ ಚಿಕ್ಕ ಬಾಡಿಗೆ ಮನೆಗಳಲ್ಲಿರುವವರು. ಹಳೆಯ ಮನೆಯ ಸಾಮಾನನ್ನೆಲ್ಲ ಟೆಂಪೋದಲ್ಲಿ ತುಂಬಿ ನಗರದ ಅಂಚಿನ ಒಂದು ಬಾಡಿಗೆ ಉಗ್ರಾಣದಲ್ಲಿರಿಸಿದರು. ಆರು ತಿಂಗಳಿಗೆಂದು ಇರಿಸಿದ್ದು ಮೂರು ವರ್ಷವಾಯಿತು. ಮನೆ ಇನ್ನೂ ತಳಪಾಯದಲ್ಲಿಯೇ ಇದೆ.

ಕಳೆದ ಸಂಕ್ರಾಂತಿಯಲ್ಲಿ ಬಾಗಿಲು ತೆಗೆದು ನೋಡಿದಾಗ ಕಬ್ಬಿಣದ ಬೀರು, ಫ್ರಿಜ್, ಮಂಚಗಳು ಇಟ್ಟಂತೆಯೇ ಇದ್ದವು. ಹಳೆಯ ಮರದ ಪೆಟ್ಟಿಗೆಯೊಂದರಲ್ಲಿ ಊರಿನಿಂದಲೇ ಸೇರಿ ಬಂದಿದ್ದ ಗೆದ್ದಲು ಮಾತ್ರ, ಯಜಮಾನರು ಸ್ವಹಸ್ತದಿಂದ ಬರೆದಿಟ್ಟಿದ್ದ ಭಜನೆಯ ಪುಸ್ತಕವನ್ನೂ ಒಂದು ತಾಡೋಲೆಯ ಕಟ್ಟನ್ನೂ ಮಣ್ಣು ಮಾಡಿತ್ತು. ಆ ತಾಯಿ ಯಾರನ್ನೂ ದೂರಲಿಲ್ಲ. "ಸ್ವಾಮೀ, ಸಾಮಾನೂ ಬಾಡಿಗೆ ಮನೇಲಿದೆ, ನಾನೂ ಬಾಡಿಗೆ ಮನೇಲಿದೀನಿ. ಯಾವುದು ಮೊದಲು ಊರಿಗೆ ಬರುತ್ತೋ ಕಾಣೆ" ಎಂದಷ್ಟೇ ನುಡಿದರು. ಆ ಮಾತೇ ಈ ತಿಂಗಳ ಲೇಖನಕ್ಕೆ ಕಾರಣ.

ಸಂಗ್ರಹಿಸುವ ವಿದ್ಯೆ ನಮ್ಮ ಹಿರಿಯರಿಗೆ ಹೊಸದಲ್ಲ. ಈ ಸೀಮೆಯ ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಗಟ್ಟಿ ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಧಾನ್ಯ ಸುರಿದು, ಬಾಯಿಗೆ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಒಳಗಿನ ಗಾಳಿ ಕೆಟ್ಟು ಇಳಿದವರ ಪ್ರಾಣಕ್ಕೇ ಅಪಾಯವಾಗುತ್ತಿದ್ದುದರಿಂದ, ಮೊದಲು ಬಾಯಿ ತೆರೆದು ಗಾಳಿಯಾಡಿಸಿ, ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಅಂದರೆ ಏನನ್ನು ಇಡಬೇಕು, ಏಕೆ ಇಡಬೇಕು, ಹೇಗೆ ತೆಗೆಯಬೇಕು ಎಂಬ ಮೂರೂ ಅವರಿಗೆ ತಿಳಿದಿತ್ತು. ಹಗೇವು ಬರಗಾಲಕ್ಕಾಗಿ ಇತ್ತು. ಬೇಡವಾದುದನ್ನು ಕಣ್ಣಿಗೆ ಮರೆಮಾಡುವುದಕ್ಕಾಗಿ ಇರಲಿಲ್ಲ.

ಇಂದಿನ ಬಾಡಿಗೆ ಉಗ್ರಾಣದ ಕ್ರಮ ಸರಳ. ಜಾಗದ ಅಳತೆಗೆ ಅಥವಾ ಸಾಮಾನಿನ ಪ್ರಮಾಣಕ್ಕೆ ತಕ್ಕಂತೆ ತಿಂಗಳ ಬಾಡಿಗೆ. ಕೆಲವೆಡೆ ಕೋಣೆಯ ಕೀಲಿ ನಮ್ಮಲ್ಲಿಯೇ ಇರುತ್ತದೆ. ಕೆಲವೆಡೆ ಅವರೇ ಸಾಮಾನು ಕಟ್ಟಿ ಒಯ್ದು ಇರಿಸುತ್ತಾರೆ, ನೋಡಬೇಕಾದರೆ ಮುಂಚಿತವಾಗಿ ತಿಳಿಸಬೇಕು. ಕರಾರು ಪತ್ರವನ್ನು ಓದದೆ ಸಹಿ ಮಾಡಬಾರದು. ಬೆಂಕಿ, ನೀರು, ಕಳವುಗಳಿಗೆ ವಿಮೆ ಉಂಟೇ, ಎಷ್ಟರವರೆಗೆ, ಬಾಡಿಗೆ ತಪ್ಪಿದರೆ ಸಾಮಾನಿನ ಗತಿಯೇನು ಎಂಬುದನ್ನು ಕೇಳಿ ತಿಳಿಯಬೇಕು. ತಿಂಗಳಿಗೆ 2,500 ರೂಪಾಯಿ ಎಂದಿಟ್ಟುಕೊಂಡರೂ ಮೂರು ವರ್ಷಕ್ಕೆ 90,000 ರೂಪಾಯಿಯಾಗುತ್ತದೆ. ಒಳಗಿರುವ ಹಳೆಯ ಸೋಫಾ, ಮಂಚಗಳ ಬೆಲೆ ಅಷ್ಟಾದೀತೇ ಎಂದು ಗೃಹಸ್ಥರು ಲೆಕ್ಕ ಹಾಕಬೇಕು.

ಇಡಬಹುದಾದವು ಯಾವುವು? ಹೊಸ ಮನೆಗೆ ಖಂಡಿತವಾಗಿ ಬೇಕಾಗುವ ಗಟ್ಟಿ ಮರದ ಮಂಚ, ಬೀರು, ಹಿತ್ತಾಳೆ ತಾಮ್ರದ ಪಾತ್ರೆ, ಮನೆ ಕೆಡವುವಾಗ ಉಳಿಸಿಕೊಂಡ ಕೆತ್ತನೆಯ ಬಾಗಿಲು, ಕಂಬಗಳು. ಮರವನ್ನು ಬಿಸಿಲಿಗೆ ಒಡ್ಡಿ, ಹುಳು ಹಿಡಿದಿಲ್ಲವೆಂದು ನೋಡಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿರಿಸಬೇಕು; ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ನಿಲ್ಲುತ್ತದೆ, ಹಳೆಯ ಹತ್ತಿ ಬಟ್ಟೆಯೇ ಲೇಸು. ಪಾತ್ರೆಗಳನ್ನು ಹುಣಿಸೆಹಣ್ಣಿನಿಂದ ತೊಳೆದು, ತೇವ ಆರಿದ ಮೇಲೆ ಸುತ್ತಬೇಕು. ಫ್ರಿಜ್ಜಿನ ನೀರು ಒರೆಸಿ ಬಾಗಿಲನ್ನು ಸ್ವಲ್ಪ ತೆರೆದಿಡಬೇಕು. ಗಡಿಯಾರ, ಟಾರ್ಚುಗಳ ಬ್ಯಾಟರಿ ತೆಗೆಯಬೇಕು. ಸಾಮಾನಿನ ಪಟ್ಟಿಯನ್ನು ಎರಡು ಪ್ರತಿ ಬರೆದು ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಉಗ್ರಾಣದಲ್ಲಿರಿಸಬೇಕು. ಮಳೆಗಾಲಕ್ಕೆ ಮುನ್ನ ಒಮ್ಮೆ, ಅನಂತರ ಒಮ್ಮೆ ತೆರೆದು ನೋಡಬೇಕು.

ಇಡಬಾರದವು: ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ, ಪಟಾಕಿಗಳಂಥ ಬೆಂಕಿಯ ವಸ್ತುಗಳು, ಇಲಿ, ಹುಳುಗಳನ್ನು ಕರೆತರುವ ದವಸ, ಬೆಲ್ಲ, ಹುಣಿಸೆ. ಪಹಣಿ, ವಿಭಾಗಪತ್ರ, ಒಡವೆಗಳ ಸ್ಥಾನ ಬ್ಯಾಂಕಿನ ಲಾಕರ್. ಲಾಕರಿಗೂ ಮಿತಿಯುಂಟು: 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬೆಂಕಿ, ಕಳವು ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ.

ಇಷ್ಟಲಿಂಗ ಅಂಗವನ್ನು ಅಗಲುವುದಿಲ್ಲ. ಲಿಂಗೈಕ್ಯರಾದವರ ಲಿಂಗ ಅವರೊಡನೆ ಸಮಾಧಿಯನ್ನೇ ಸೇರುತ್ತದೆ. ಆದರೆ ಹಿರಿಯರು ಧರಿಸಿದ್ದ ರುದ್ರಾಕ್ಷಿ, ಅವರ ವಿಭೂತಿಯ ಬಟ್ಟಲು, ಪೂಜೆಯ ಗಿಂಡಿಗಳು ಮನೆಯಲ್ಲಿ ಉಳಿಯುತ್ತವೆ. ಇವು ಮಕ್ಕಳಲ್ಲಿ ಒಬ್ಬರ ಪೂಜಾಸ್ಥಳದಲ್ಲಿ, ನಿತ್ಯ ಕೈ ಸೋಕುವಲ್ಲಿ ಇರಬೇಕು. ಬೀಗ ಹಾಕಿದ ಕತ್ತಲೆಯ ಕೋಣೆ ಅವುಗಳ ಜಾಗವಲ್ಲ.

ತಾಡೋಲೆ, ಹಸ್ತಪ್ರತಿಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಯ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಜಂತಿಯ ಮೇಲೆ, ಪೂಜೆಯ ಪೆಟ್ಟಿಗೆಯಲ್ಲಿ ಯಾರೋ ಒಬ್ಬ ಗೃಹಸ್ಥರು ಜೋಪಾನ ಮಾಡಿದ್ದರಿಂದಲೇ ಶರಣರ ವಾಣಿ ನಮ್ಮವರೆಗೆ ಬಂದಿತು. ನಿಮ್ಮ ಮನೆಯಲ್ಲಿ ಓದಲಾಗದ ಓಲೆಯಿದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸಂಸ್ಥೆಗೋ ಬಲ್ಲ ಮಠಕ್ಕೋ ತೋರಿಸಿರಿ. ಹಿರಿಯರ ಕೈಬರಹಕ್ಕೆ ಫೋಟೋ ತೆಗೆಸಿ ಮಕ್ಕಳೆಲ್ಲರಿಗೂ ಒಂದೊಂದು ಪ್ರತಿ ಕೊಡಿರಿ.

ಇನ್ನು ಉಳಿಯುವುದು ಹೆಚ್ಚಾದದ್ದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಶರಣೆ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸದೆ ತಂದಲ್ಲಿಗೇ ಹಿಂದಿರುಗಿಸಲು ಹೇಳಿದ ಪ್ರಸಂಗ ನಮ್ಮ ಮಾತೆಯರೆಲ್ಲ ಬಲ್ಲುದು. ಮದುವೆ ಮುಂಜಾವುಗಳಿಗೆಂದು ಮಾಡಿಸಿದ ದೊಡ್ಡ ಕೊಪ್ಪರಿಗೆ, ಹಂಡೆಗಳು ನಗರದ ಅಡುಗೆಮನೆಯಲ್ಲಿ ಮತ್ತೆಂದೂ ಒಲೆ ಕಾಣಲಾರವು. ಇದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳ ದಾಸೋಹ ನಡೆಸಿದ್ದು ಇಂಥವೇ ಪಾತ್ರೆಗಳಲ್ಲಿ ಬೆಂದ ಅನ್ನದಿಂದಲ್ಲವೇ? ಬಾಡಿಗೆ ತೆತ್ತು ಕಿಲುಬು ಹಿಡಿಸುವ ಹಂಡೆ ಊರ ಮಠದ ಒಲೆಯ ಮೇಲಿರುವುದು ಮೇಲು.

ಆದಕಾರಣ ಉಗ್ರಾಣಕ್ಕೆ ಹೋಗುವ ಪ್ರತಿಯೊಂದು ವಸ್ತುವಿನ ಮುಂದೆ, ಅದನ್ನು ಯಾರು, ಎಂದು ಮನೆಗೆ ತರುವರೆಂದು ಬರೆಯಿರಿ. ಹೆಸರೂ ದಿನವೂ ದೊರೆಯದ ವಸ್ತುವನ್ನು ಬೇಕಾದವರಿಗೆ ಕೊಟ್ಟುಬಿಡಿರಿ.

ನಾವು ಇಷ್ಟನ್ನು ಹೇಳಿದಾಗ ಮಕ್ಕಳು ಮುಖ ಮುಖ ನೋಡಿಕೊಂಡರು. ತಾಯಿ ಅಲ್ಲಿಯೇ ಕೊಪ್ಪರಿಗೆಯನ್ನು ಮಠಕ್ಕೆ ಕೊಡಿಸಿದರು. ಬೀಸುವ ಕಲ್ಲನ್ನು ಊರಿನ ಮೈದುನನ ಕೊಟ್ಟಿಗೆಗೆ ಸಾಗಿಸಲು ಹೇಳಿದರು. ಬಾಡಿಗೆಯ ಹಣದಿಂದ ಮೊದಲು ಒಂದು ಕೋಣೆಯಾದರೂ ಎದ್ದು ನಿಲ್ಲಲಿ, ಅವ್ವ ಶಿವರಾತ್ರಿಯ ವೇಳೆಗೆ ಊರಿನಲ್ಲಿರಲಿ ಎಂದು ಹಿರಿಯ ಮಗ ನುಡಿದರು. ವೀರಭದ್ರೇಶ್ವರನು ಆ ಸಂಕಲ್ಪವನ್ನು ನಡೆಸಿಕೊಡಲಿ.