ಸೇವೆಯ ಫಲಕವೂ ಹಕ್ಕಿನ ಲೆಕ್ಕವೂ

ಜುಲೈ ತಿಂಗಳು ಬಂತೆಂದರೆ ಜಿಲ್ಲಾ ಕೇಂದ್ರಗಳ ರೋಟರಿ, ಲಯನ್ಸ್ ಕ್ಲಬ್ಬುಗಳಲ್ಲಿ ಪದಗ್ರಹಣದ ಸಡಗರ. ಆ ಸಂಸ್ಥೆಗಳ ವರ್ಷ ಜುಲೈ 1ಕ್ಕೆ ಹುಟ್ಟಿ ಜೂನ್ 30ಕ್ಕೆ ಮುಗಿಯುತ್ತದೆ. ಹಳೆಯ ಅಧ್ಯಕ್ಷರ ಕೊರಳಿನ ಸರ ಹೊಸ ಅಧ್ಯಕ್ಷರ ಕೊರಳಿಗೆ ಬರುತ್ತದೆ. ಸ್ಥಳೀಯ ಪತ್ರಿಕೆಗಳಲ್ಲಿ ಭಾವಚಿತ್ರ ಅಚ್ಚಾಗುತ್ತದೆ. ಕ್ಲಬ್ಬಿನ ಸ್ವಂತ ಪತ್ರಿಕೆಯಲ್ಲಿ ಸದಸ್ಯರ ಸುದ್ದಿ ಇರುತ್ತದೆ: ಇಂಥವರ ಮಗನಿಗೆ ವಿವಾಹವಾಯಿತು, ಇಂಥವರು ಹೊಸ ಮಳಿಗೆ ತೆರೆದರು, ಇಂಥವರು ರೋಟರಿ ಪ್ರತಿಷ್ಠಾನಕ್ಕೆ ಸಾವಿರ ಡಾಲರು ಕೊಟ್ಟು ‘ಪಾಲ್ ಹ್ಯಾರಿಸ್ ಫೆಲೋ’ ಎನಿಸಿಕೊಂಡರು. ಅದರ ಕೆಳಗೆ ವರ್ಷದ ಸೇವಾಕಾರ್ಯಗಳ ಪಟ್ಟಿ: ಕಣ್ಣಿನ ತಪಾಸಣೆ, ರಕ್ತದಾನ, ಶಾಲೆಯ ಮಕ್ಕಳಿಗೆ ನೋಟ್‌ಬುಕ್ಕು, ಬಸ್ ನಿಲ್ದಾಣದಲ್ಲಿ ಕುಡಿಯುವ ನೀರಿನ ತೊಟ್ಟಿ.

ಈ ಪಟ್ಟಿಯನ್ನು ಹಾಸ್ಯ ಮಾಡುವುದು ಸುಲಭ. ನಮ್ಮವರೇ ಕೆಲವರು ಮಾಡುವುದೂ ಉಂಟು. ನಾವು ಅದನ್ನು ಒಪ್ಪುವುದಿಲ್ಲ. ಬಿಸಿಲಲ್ಲಿ ಬಂದ ಹಮಾಲನಿಗೆ ತಣ್ಣೀರು ಸಿಕ್ಕರೆ, ಆ ನೀರನ್ನು ಇಟ್ಟವನು ಸಾಹುಕಾರನೆಂದು ಅದು ಉಪ್ಪಾಗುವುದಿಲ್ಲ. ಕಣ್ಣಿಗೆ ಪೊರೆ ಬಂದ ಮುದುಕಿಗೆ ಮತ್ತೆ ಮೊಮ್ಮಗನ ಮುಖ ಕಂಡರೆ ಅದು ಒಳ್ಳೆಯ ಕೆಲಸವೇ ಸರಿ. ಆದರೆ ಒಳ್ಳೆಯ ಕೆಲಸಕ್ಕೂ ಒಂದು ಲೆಕ್ಕ ಉಂಟು. ಅದನ್ನು ಯಾರು ಮಾಡಬೇಕಾಗಿತ್ತು, ಯಾರ ದುಡ್ಡಿನಿಂದ ಆಯಿತು, ಮಾಡಿದ ಮೇಲೆ ಜನರ ಹಕ್ಕು ಗಟ್ಟಿಯಾಯಿತೋ ಸಡಿಲವಾಯಿತೋ, ಈ ಮೂರನ್ನೂ ಕೇಳುವುದು ನಮ್ಮ ಧರ್ಮ. ಕೇಳಿದರೆ ಯಾರಿಗೂ ಅವಮಾನವಿಲ್ಲ.

ಮೊದಲು ಚರಿತ್ರೆಯನ್ನು ನೋಡೋಣ. 1905ರ ಫೆಬ್ರವರಿ 23ರಂದು ಅಮೆರಿಕದ ಚಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಸ್ನೇಹಿತರೊಡನೆ ಸಭೆ ಸೇರಿದರು. ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರು, ಇನ್ನೊಬ್ಬರು ಬಟ್ಟೆ ಹೊಲಿಸಿ ಮಾರುವವರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಕೂಡುತ್ತಿದ್ದುದರಿಂದ ‘ರೋಟರಿ’ ಎಂಬ ಹೆಸರು ಬಂತು. ಒಂದು ಕಸುಬಿಗೆ ಒಬ್ಬನೇ ಸದಸ್ಯ ಎಂಬುದು ನಿಯಮ. ಮೊದಲಿನ ಉದ್ದೇಶಗಳು ಎರಡೇ: ಸದಸ್ಯರ ವ್ಯಾಪಾರ ಬೆಳೆಯಬೇಕು, ಸ್ನೇಹ ಬೆಳೆಯಬೇಕು. ಊರಿನ ಹಿತ ಎಂಬ ಮೂರನೆಯ ಉದ್ದೇಶ ಆಮೇಲೆ ಸೇರಿದ್ದು. ಬರೀ ತಮ್ಮ ಲಾಭಕ್ಕಾಗಿ ಇರುವ ಸಂಘ ಬಾಳುವುದಿಲ್ಲವೆಂದು ಡೊನಾಲ್ಡ್ ಕಾರ್ಟರ್ ಎಂಬ ಇನ್ನೊಬ್ಬ ವಕೀಲರು ಪಟ್ಟು ಹಿಡಿದುದರ ಫಲ ಅದು. ಕ್ಲಬ್ಬಿನೊಳಗೇ ಒಬ್ಬ ಮನುಷ್ಯ ಎದ್ದು ಕೇಳಿದ್ದರಿಂದ ‘ಸೇವೆ’ ಹುಟ್ಟಿತು ಎಂಬುದನ್ನು ಇಂದಿನ ಸದಸ್ಯರು ಮರೆಯಬಾರದು.

ಆ ಕ್ಲಬ್ಬು ಕೈಗೆತ್ತಿಕೊಂಡ ಮೊದಲನೆಯ ಊರ ಕೆಲಸ ಯಾವುದು? ಸಾರ್ವಜನಿಕ ಶೌಚಾಲಯ. 1907ರ ಮಾತು. ಪೇಟೆಗೆ ಬಂದ ಬಡವರಿಗೆ ಹೋಗಲು ಜಾಗವಿರಲಿಲ್ಲ. ಗಂಡಸರಾದರೆ ಹೆಂಡದಂಗಡಿಗೆ ಹೋಗಬೇಕು, ಹೆಂಗಸರಾದರೆ ದೊಡ್ಡ ಮಳಿಗೆಗೆ ಹೋಗಬೇಕು. ಹೋದ ಮೇಲೆ ಏನಾದರೂ ಕೊಳ್ಳದೆ ಬರುವುದು ಸಂಕೋಚ. ನಗರದ ನಡುವೆ ಸರ್ವರಿಗೂ ಶೌಚಾಲಯ ಬೇಕೆಂದು ಕ್ಲಬ್ಬು ಕೇಳಿದಾಗ ಅಡ್ಡ ಬಂದವರು ಯಾರು? ಬಿಯರು ತಯಾರಕರ ಸಂಘದವರು ಮತ್ತು ದೊಡ್ಡ ಮಳಿಗೆಗಳ ಮಾಲೀಕರು. ನಮ್ಮಲ್ಲೇ ಸೌಕರ್ಯವಿದೆಯಲ್ಲ, ನಗರಾಡಳಿತ ಏಕೆ ಖರ್ಚು ಮಾಡಬೇಕು ಎಂಬುದು ಅವರ ವಾದ. ಕ್ಲಬ್ಬಿನವರು ಬೇರೆ ನಾಗರಿಕ ಸಂಘಗಳನ್ನು ಕೂಡಿಸಿಕೊಂಡು ನಗರಾಡಳಿತದ ಬೆನ್ನು ಹತ್ತಿದರು. ಕೊನೆಗೆ ನಗರಾಡಳಿತವೇ ಕಟ್ಟಿಸಿತು.

ಈ ಕಥೆಯಲ್ಲಿ ನಮಗೆ ಬೇಕಾದ ಪಾಠವೆಲ್ಲ ಇದೆ. ವರ್ತಕರ ಒಂದು ಸಂಘ ತನ್ನದೇ ವರ್ಗದ ದೊಡ್ಡ ವರ್ತಕರನ್ನು ಎದುರು ಹಾಕಿಕೊಂಡಿತು. ತಾನೇ ನಾಲ್ಕು ಕಾಸು ಹಾಕಿ, ಒಂದು ತಗಡಿನ ಗೂಡು ನಿಲ್ಲಿಸಿ, ಅದರ ಮೇಲೆ ಹೆಸರು ಬರೆಸಿಕೊಂಡು ಮನೆಗೆ ಹೋಗಲಿಲ್ಲ. ಸರ್ಕಾರದ ಕೆಲಸವನ್ನು ಸರ್ಕಾರದಿಂದಲೇ ಮಾಡಿಸಿತು. ಮಾಡಿಸಿದ ಮೇಲೆ ಅದು ಯಾರ ಉಪಕಾರವೂ ಆಗಿ ಉಳಿಯಲಿಲ್ಲ, ನಾಗರಿಕನ ಹಕ್ಕಾಯಿತು.

ನಮ್ಮ ದೇಶದಲ್ಲಿ ಈ ಹಕ್ಕು ಸಂವಿಧಾನಕ್ಕೇ ಸೇರಿದೆ. 1992ರ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳಿವೆ. ನೀರು ಪೂರೈಕೆ, ನೈರ್ಮಲ್ಯ, ಬೀದಿ ದೀಪ, ಬಸ್ ನಿಲುಗಡೆ, ಸಾರ್ವಜನಿಕ ಶೌಚಾಲಯ ಎಲ್ಲವೂ ಅದರಲ್ಲಿ ಸೇರಿವೆ. ನಗರಸಭೆ ಕಂದಾಯ ಕೇಳುವುದೂ ಇದಕ್ಕಾಗಿಯೇ. ಹಾಗಿರುವಾಗ ಬಸ್ ತಂಗುದಾಣದ ನೆತ್ತಿಯ ಮೇಲೆ ಕ್ಲಬ್ಬಿನ ಲಾಂಛನ, ದಾನಿಗಳ ಹೆಸರು, ಉದ್ಘಾಟಕರ ಹೆಸರು ಇದ್ದರೆ ಸಾಮಾನ್ಯನಿಗೆ ಅನ್ನಿಸುವುದೇನು? ನೆರಳು ದೊಡ್ಡವರು ಕೊಟ್ಟದ್ದು ಎಂದು. ಎರಡು ವರ್ಷ ಕಳೆದು ತಗಡು ಹಾರಿಹೋದರೆ ಅವನು ನಗರಸಭೆಗೆ ಅರ್ಜಿ ಕೊಡುವುದಿಲ್ಲ. ಇನ್ನೊಬ್ಬ ದಾನಿ ಬರಲೆಂದು ಕಾಯುತ್ತಾನೆ. ನಗರಸಭೆಯೂ ನಿಶ್ಚಿಂತೆಯಿಂದ ಕೂರುತ್ತದೆ. ಉಪಕಾರ ಹಕ್ಕನ್ನು ತಿನ್ನುವುದು ಹೀಗೆ.

ಲಯನ್ಸ್ ಸಂಸ್ಥೆಯ ವಿಷಯವನ್ನೂ ಹೇಳಬೇಕು. ಅದು 1917ರಲ್ಲಿ ಚಿಕಾಗೋದ ವಿಮಾ ವ್ಯಾಪಾರಿ ಮೆಲ್ವಿನ್ ಜೋನ್ಸ್ ಅವರಿಂದ ಆರಂಭವಾಯಿತು. 1925ರಲ್ಲಿ ಓಹಾಯೋ ಪ್ರಾಂತದ ಸೀಡರ್ ಪಾಯಿಂಟ್ ಎಂಬಲ್ಲಿ ನಡೆದ ಅದರ ಮಹಾಧಿವೇಶನಕ್ಕೆ ಹೆಲೆನ್ ಕೆಲರ್ ಬಂದರು. ಕಣ್ಣೂ ಕಿವಿಯೂ ಇಲ್ಲದೆ ಜಗತ್ತೇ ಬೆರಗಾಗುವಂತೆ ಓದಿ ಬರೆದ ಆ ಮಹಿಳೆ ಅಂಧರ ಪರವಾಗಿ ನಿಲ್ಲಿರೆಂದು ಕೇಳಿಕೊಂಡರು. ಅಂದಿನಿಂದ ಕಣ್ಣಿನ ಸೇವೆ ಆ ಕ್ಲಬ್ಬುಗಳ ಮುಖ್ಯ ಕೆಲಸವಾಗಿದೆ. ಇದು ನಿಜಕ್ಕೂ ಮೆಚ್ಚತಕ್ಕದ್ದೇ.

ಆದರೆ ಕ್ಲಬ್ಬಿನ ವೇದಿಕೆಗಳಲ್ಲಿ ಕೇಳಿಬರದ ಇನ್ನೊಂದು ಸಂಗತಿ ಉಂಟು. ಹೆಲೆನ್ ಕೆಲರ್ ಸಮಾಜವಾದಿ. 1909ರಲ್ಲೇ ಅವರು ಅಮೆರಿಕದ ಸಮಾಜವಾದಿ ಪಕ್ಷದ ಸದಸ್ಯೆಯಾಗಿದ್ದರು. ಅಂಧರ ಸ್ಥಿತಿಗತಿ ವಿಚಾರಿಸುವ ಆಯೋಗದಲ್ಲಿ ಕೆಲಸ ಮಾಡಿದಾಗ ಅವರ ಕಣ್ತೆರೆಯಿತು. ಕುರುಡು ದೈವದ ಆಟವೆಂದು ಅವರು ತಿಳಿದಿದ್ದರು. ಅದರಲ್ಲಿ ಬಹಳಷ್ಟು ಕಾರ್ಖಾನೆಗಳ ದುಸ್ಥಿತಿಯಿಂದ, ಧಣಿಗಳ ಲೋಭದಿಂದ ಬಂದದ್ದು ಎಂದು ಅಲ್ಲಿ ಕಂಡುಕೊಂಡರು. ಇದನ್ನು ಅವರೇ ಬಹಿರಂಗವಾಗಿ ಹೇಳಿದರು. 1925ರ ಹೆಲೆನ್ ಕೆಲರ್ ಅವರ ಚಿತ್ರವನ್ನು ಗೋಡೆಗೆ ಹಾಕಿಕೊಂಡವರು 1909ರ ಹೆಲೆನ್ ಕೆಲರ್ ಅವರ ಮಾತನ್ನೂ ಕೇಳಬೇಕು. ಕಣ್ಣಿನ ಶಿಬಿರ ನಡೆಸುವ ಮಾಲೀಕರು ತಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ ದುಡಿಯುವ ಹುಡುಗನಿಗೆ ಕಣ್ಣಿನ ಕನ್ನಡಕ ಕೊಟ್ಟಿದ್ದಾರೆಯೇ? ಹತ್ತಿಯ ಧೂಳು ಹಾರುವ ವಿಭಾಗದಲ್ಲಿ ಗಾಳಿ ಆಡುತ್ತಿದೆಯೇ? ಕುಡಿಯುವ ನೀರು, ಶೌಚಾಲಯ, ಗಾಳಿ, ಬೆಳಕು ಇವೆಲ್ಲ ಮಾಲೀಕನ ಹೊಣೆಯೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತ್ತು. ಅದರ ಜಾಗಕ್ಕೆ 2020ರ ಸಂಹಿತೆ ಬಂದು 2025ರ ನವೆಂಬರಿನಿಂದ ಜಾರಿಯಾದ ಮೇಲೂ ಈ ಹೊಣೆ ಮಾಲೀಕನ ತಲೆಯಿಂದ ಇಳಿದಿಲ್ಲ. ಒಳಗೆ ಇದನ್ನು ತಪ್ಪಿಸಿ ಹೊರಗೆ ಶಿಬಿರ ಮಾಡಿದರೆ ಹಸುವನ್ನು ಕೊಂದು ಕೆರ ದಾನ ಮಾಡಿದ ಹಾಗಾಗುತ್ತದೆ. ಎಲ್ಲ ಸದಸ್ಯರಿಗೂ ಈ ಗಾದೆ ಹೊಂದುವುದಿಲ್ಲವೆಂದು ನಾವು ಬಲ್ಲೆವು. ಹೊಂದುವವರು ಯಾರೆಂದು ಅವರವರಿಗೇ ಗೊತ್ತು.

ಇನ್ನು ಪೋಲಿಯೊ. ರೋಟರಿಯ ಶ್ರೇಷ್ಠವಾದ ಕೆಲಸ ಇದೇ ಎಂದು ಹೇಳಲು ನಮಗೆ ಯಾವ ಅಡ್ಡಿಯೂ ಇಲ್ಲ. 1985ರಲ್ಲಿ ಅವರು ಜಗತ್ತಿನಿಂದ ಪೋಲಿಯೊ ತೊಲಗಿಸುವ ಕೆಲಸಕ್ಕೆ ಕೈಹಾಕಿದರು. 12 ಕೋಟಿ ಡಾಲರು ಕೂಡಿಸಬೇಕೆಂದು ಹೊರಟವರು 1988ರ ಹೊತ್ತಿಗೆ ಸುಮಾರು 24 ಕೋಟಿ 70 ಲಕ್ಷ ಕೂಡಿಸಿದರು. ಭಾರತದಲ್ಲಿ 1995ರಿಂದ ಪಲ್ಸ್ ಪೋಲಿಯೊ ನಡೆಯಿತು. 2009ರಲ್ಲಿ ನಮ್ಮ ದೇಶದಲ್ಲಿ 741 ಮಕ್ಕಳಿಗೆ ಈ ರೋಗ ತಗುಲಿತ್ತು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಒಂದು ಹೆಣ್ಣು ಮಗುವಿಗೆ ತಗುಲಿದ್ದೇ ಕೊನೆ. 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯ ಪೋಲಿಯೊ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು.

ಈ ಗೆಲುವು ಆದದ್ದು ಹೇಗೆ? ರೋಟರಿ ಹಣ ಕೊಟ್ಟಿತು, ಪ್ರಚಾರ ಮಾಡಿತು, ಸರ್ಕಾರಗಳನ್ನು ಒತ್ತಾಯಿಸಿತು. ಆದರೆ ಭಾರತದಲ್ಲಿ ಆದ ವೆಚ್ಚದ ಬಹುಪಾಲು ನಮ್ಮ ಸರ್ಕಾರದ್ದು, ಅಂದರೆ ಬೀಡಿ ಬೆಂಕಿಪೊಟ್ಟಣ ಕೊಳ್ಳುವವನೂ ಕಟ್ಟುವ ತೆರಿಗೆಯದು. ಒಂದೊಂದು ರಾಷ್ಟ್ರೀಯ ಸುತ್ತಿನಲ್ಲೂ 20 ಲಕ್ಷಕ್ಕೂ ಹೆಚ್ಚು ಜನ ಸುಮಾರು 17 ಕೋಟಿ ಮಕ್ಕಳ ಬಾಯಿಗೆ ಹನಿ ಹಾಕಿದರು. ನೀರಿನ ಡಬ್ಬದಂತಹ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಇಟ್ಟುಕೊಂಡು, ಮನೆಮನೆಯ ಬಾಗಿಲಿಗೆ ಗುರುತು ಹಾಕುತ್ತಾ ನಡೆದವರಲ್ಲಿ ಅಂಗನವಾಡಿ ತಾಯಂದಿರು, ಆಶಾ ಕಾರ್ಯಕರ್ತೆಯರು ಎಷ್ಟೋ ಮಂದಿ. ಅವರಿಗೆ ಇಂದಿಗೂ ‘ಸಂಬಳ’ ಇಲ್ಲ, ‘ಗೌರವಧನ’ ಅಷ್ಟೆ. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಅದನ್ನು ಹೆಚ್ಚಿಸಿರೆಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ಪೋಲಿಯೊ ಗೆದ್ದ ಕೀರ್ತಿಯಲ್ಲಿ ಪಾಲು ಕೇಳುವವರು ಈ ಹೆಂಗಸರ ಧರಣಿಗೂ ಒಂದು ಠರಾವಿನ ಬೆಂಬಲ ಕೊಡುವುದು ನ್ಯಾಯ. ಸದಸ್ಯರ ಸುದ್ದಿಯ ಪುಟದಲ್ಲಿ ಒಂದು ಸಾರಿಯಾದರೂ ಅವರ ಹೆಸರು ಬರಲಿ.

ಶಾಲೆಯ ಮಾತನ್ನು ಬಿಡುವ ಹಾಗಿಲ್ಲ. ನಾವು ಕೆಲವು ವರ್ಷ ಮೇಷ್ಟರಾಗಿದ್ದವರು. ನೋಟ್‌ಬುಕ್ಕು ಹಂಚುವ ದಿನ ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಾರೆ. ಪುಸ್ತಕದ ಒಂದು ಅಂಚು ದಾನಿಯ ಕೈಯಲ್ಲಿ, ಇನ್ನೊಂದು ಅಂಚು ಮಗುವಿನ ಕೈಯಲ್ಲಿ. ಫೋಟೋದವನು ಆಯಿತು ಎನ್ನುವವರೆಗೆ ದಾನಿ ಬಿಡುವುದಿಲ್ಲ. ಮಗು ಫೋಟೋದವನನ್ನು ನೋಡುವುದಿಲ್ಲ, ಪುಸ್ತಕವನ್ನೇ ನೋಡುತ್ತಿರುತ್ತದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ 2010ರ ಏಪ್ರಿಲಿನಿಂದ ಕಾನೂನಿನ ಹಕ್ಕು. ಹಕ್ಕುಳ್ಳ ಮಗುವನ್ನು ಭಿಕ್ಷೆಗೆ ನಿಂತವನಂತೆ ಚಿತ್ರ ತೆಗೆಯುವುದು ಯಾವ ಸೇವೆಯೂ ಅಲ್ಲ. ಪುಸ್ತಕ ಕೊಡುವವರು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು ಹೋಗಲಿ. ಹೋಗುವಾಗ ಶಾಲೆಯಲ್ಲಿ ಎಷ್ಟು ಉಪಾಧ್ಯಾಯರ ಹುದ್ದೆ ಖಾಲಿ ಇದೆಯೆಂದು ಕೇಳಿಕೊಂಡು, ಆ ಪಟ್ಟಿಯನ್ನು ಶಿಕ್ಷಣಾಧಿಕಾರಿಗೆ ತಲುಪಿಸಲಿ. ಕ್ಲಬ್ಬಿನ ಅಧ್ಯಕ್ಷರ ಕಾಗದಕ್ಕೆ ಕಚೇರಿಯಲ್ಲಿ ಬೆಲೆ ಇದೆ. ನಮ್ಮ ನಿಮ್ಮ ಅರ್ಜಿ ಕಡತದ ಅಡಿಗೆ ಹೋಗುತ್ತದೆ.

ಚಿಕ್ಕ ವ್ಯಾಪಾರಿಗಳಿಗೆ ಒಂದು ಮಾತು. ಒಂದು ಕಸುಬಿಗೆ ಒಬ್ಬನೇ ಎಂಬ ಹಳೆಯ ನಿಯಮ ಈಗ ಸಡಿಲಾಗಿದೆ. ಹೆಂಗಸರಿಗೆ ಮುಚ್ಚಿದ್ದ ಬಾಗಿಲೂ ತೆರೆದಿದೆ. ಅದು ತಾನಾಗಿ ತೆರೆಯಲಿಲ್ಲ. ಅಮೆರಿಕದ ಡುವಾರ್ಟೆ ಎಂಬ ಊರಿನ ಕ್ಲಬ್ಬು ಹೆಂಗಸರನ್ನು ಸೇರಿಸಿಕೊಂಡು ಹೊರಹಾಕಲ್ಪಟ್ಟು, 1987ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದ ಮೇಲೆ, 1989ರಲ್ಲಿ ರೋಟರಿ ತನ್ನ ನಿಯಮ ಬದಲಿಸಿತು. ಆದರೂ ವಂತಿಗೆ, ಊಟ, ದೇಣಿಗೆ ಇವುಗಳ ಖರ್ಚೇ ಒಂದು ಬೇಲಿ. ತಳ್ಳುಗಾಡಿಯವನು ಆ ಮೇಜಿನ ಮುಂದೆ ಕೂರುವುದಿಲ್ಲ. ಸಂತೆಯ ಜಾಗ, ಅಂಗಡಿ ಪರವಾನಗಿ, ಬೀದಿ ಅಗಲೀಕರಣ ಇಂಥ ವಿಷಯಗಳು ಊಟದ ಮೇಜಿನಲ್ಲಿ ಮಾತಾಗುವಾಗ ನೀವು ಅಲ್ಲಿ ಇರುವುದಿಲ್ಲ ಎಂಬುದನ್ನು ನೆನಪಿಡಿ. ಅವರ ಕ್ಲಬ್ಬಿಗೆ ಸೇರಲು ಹಂಬಲಿಸುವುದಕ್ಕಿಂತ ನಿಮ್ಮ ಸಂಘವನ್ನು ಕಟ್ಟಿಕೊಳ್ಳುವುದು ಲೇಸು.

ನಾವು ಕ್ಲಬ್ಬಿನ ಮಹಾಶಯರಲ್ಲಿ ಕೇಳುವುದು ನಾಲ್ಕೇ ಸಂಗತಿ. ಒಂದು, ವರ್ಷದ ಸೇವಾಕಾರ್ಯಗಳ ಆಯವ್ಯಯವನ್ನು ಊರಿನ ಮುಂದೆ ಇಡಿ. ಸಮಾರಂಭಕ್ಕೆ ಎಷ್ಟು, ಸೇವೆಗೆ ಎಷ್ಟು ಎಂದು ಬೇರೆ ಬೇರೆ ತೋರಿಸಿ. ಎರಡು, ಸರ್ಕಾರದ ಹಣ ಬಿದ್ದ ಕೆಲಸಕ್ಕೆ ನಿಮ್ಮ ಹೆಸರನ್ನು ಮಾತ್ರ ಬರೆಯಬೇಡಿ. ಮೂರು, ನೀರಿನ ತೊಟ್ಟಿ ಇಡುವ ಮುಂಚೆ ನಗರಸಭೆಗೆ ಬನ್ನಿ. ನಾವೂ ಬರುತ್ತೇವೆ, ಕೂಡಿ ಕೇಳೋಣ. ನಾಲ್ಕು, ಸದಸ್ಯರ ಸುದ್ದಿಯಲ್ಲಿ ಒಂದು ಅಂಕಣ ಹೆಚ್ಚಿಸಿ: ಯಾವ ಸದಸ್ಯರು ತಮ್ಮ ಕೆಲಸಗಾರರಿಗೆ ಕನಿಷ್ಠ ಕೂಲಿ, ಭವಿಷ್ಯನಿಧಿ, ಇ.ಎಸ್.ಐ. ತಪ್ಪದೆ ಕಟ್ಟಿದ್ದಾರೆಂದು ಅಲ್ಲಿ ಅಚ್ಚಾಗಲಿ. ಅಂಥವರಿಗೆ ಹಾರ ಹಾಕಲು ನಾವೇ ಬರುತ್ತೇವೆ.

ನಮ್ಮ ಸಂಗಾತಿಗಳಿಗೂ ಹೇಳತಕ್ಕದ್ದಿದೆ. ಡಾಕ್ಟರ್ ಲೋಹಿಯಾ ಅವರು ಸಮಾಜವಾದಿಗೆ ಮೂರು ಸಾಧನಗಳನ್ನು ಹೇಳಿದರು: ಗುದ್ದಲಿ, ಮತ, ಸೆರೆಮನೆ. ಮತವನ್ನೂ ಸೆರೆಮನೆಯನ್ನೂ ನಾವು ನೆನಪಿಟ್ಟುಕೊಂಡಿದ್ದೇವೆ. ಗುದ್ದಲಿ ಎಲ್ಲಿ? ಗಿರಣಿ ಚಾಳಿನ ಚರಂಡಿ ಕಟ್ಟಿಕೊಂಡಾಗ ನಾವು ಹತ್ತು ಜನ ಸೇರಿ ತೆಗೆದರೆ, ಮಾರನೆಯ ದಿನ ಅದೇ ಹತ್ತು ಜನ ನಗರಸಭೆಯ ಬಾಗಿಲಲ್ಲಿ ನಿಂತರೆ, ನಮ್ಮ ಮಾತಿಗೆ ತೂಕ ಬರುತ್ತದೆ. ಕ್ಲಬ್ಬಿನವರು ಮಾಡಿದ್ದನ್ನು ಟೀಕಿಸುವ ಅಧಿಕಾರ ಕೈ ಕೆಸರು ಮಾಡಿಕೊಂಡವನಿಗೆ ಹೆಚ್ಚು.

ಬರುವ ಭಾನುವಾರ ಪ್ರತಿ ವಾರ್ಡಿನ ಶಾಖೆಯೂ ತನ್ನ ಬೀದಿಯ ನಲ್ಲಿ, ದೀಪ, ಶೌಚಾಲಯಗಳ ಪಟ್ಟಿ ಮಾಡಲಿ. ಕೆಟ್ಟದ್ದು ಎಷ್ಟು, ಇಲ್ಲದ್ದು ಎಷ್ಟು ಎಂದು ಬರೆಯಲಿ. ಆ ಪಟ್ಟಿಯ ಒಂದು ಪ್ರತಿ ನಗರಸಭೆಗೆ, ಒಂದು ಪ್ರತಿ ಕ್ಲಬ್ಬಿನ ಹೊಸ ಅಧ್ಯಕ್ಷರಿಗೆ ಹೋಗಲಿ. ಜತೆಗೂಡುವವರು ಜತೆಗೂಡಲಿ. ಕೂಡದಿದ್ದರೆ ನಾವೇ ಹೋಗಿ ಕೇಳೋಣ.