ಹಳ್ಳಕ್ಕೆ ಜೀಪು ಬೇಡ, ಓಟಕ್ಕೆ ಹಳೆಯ ಕಾರು ಸಾಕು



ಮೋಟಾರು ಓಟವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಬಳಗದ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಅದೆಲ್ಲ ಉಳ್ಳವರ ಮದ, ನಿಷೇಧಿಸಬೇಕು ಎಂಬ ಠರಾವು ನಮ್ಮ ಸಭೆಗಳಲ್ಲಿ ಚರ್ಚೆಯೇ ಇಲ್ಲದೆ ಅಂಗೀಕಾರವಾಗುತ್ತದೆ. ಅದೇ ಭಾನುವಾರ ನಮ್ಮದೇ ಊರುಗಳ ಹುಡುಗರು ಎತ್ತರಿಸಿದ ಜೀಪುಗಳನ್ನು ಹಳ್ಳಕ್ಕಿಳಿಸಿ, ದರೆ ಹತ್ತಿಸಿ, ಕೆಸರೆರಚಿ ಸಂಭ್ರಮಿಸುತ್ತಾರೆ. ನಮ್ಮ ಠರಾವು ಕಡತದಲ್ಲಿ ಒಣಗುತ್ತದೆ. ಹಳ್ಳದ ನೀರು ಕಲಕುತ್ತಲೇ ಇರುತ್ತದೆ. ಈ ಬರಹ ಇಬ್ಬರಿಗೂ ಹಿಡಿಸಲಾರದು. ಆದರೂ ಹೇಳಬೇಕಾಗಿದೆ: ಇಪ್ಪತ್ತರ ಹರೆಯದ ವೇಗದ ಆಸೆಯನ್ನು ಠರಾವಿನಿಂದ ಅಳಿಸಲಾಗದು, ಅದಕ್ಕೆ ತಕ್ಕ ಜಾಗವನ್ನು ಗೊತ್ತುಮಾಡಬಹುದು. ಬೇಲಿಯೊಳಗಿನ, ಡಾಂಬರು ಹಾಸಿದ, ಆಂಬುಲೆನ್ಸ್ ಕಾದು ನಿಂತಿರುವ ಓಟದ ಟ್ರ್ಯಾಕ್ ಆ ಜಾಗ. ಅಲ್ಲಿಗೆ ಸಾಧಾರಣ ಬೆಳೆಗಾರನ ಮಗನೂ ಒಯ್ಯಬಹುದಾದ ಕಾರನ್ನು ಅಗ್ಗದಲ್ಲಿ ಸಜ್ಜುಗೊಳಿಸಲು ಸಾಧ್ಯ. ನಾವು ಅದನ್ನು ವಿರೋಧಿಸಬಾರದು, ಬೇಕಾದರೆ ಕೈಜೋಡಿಸಬೇಕು.

ನನ್ನ ಕಸುಬು ಮಣ್ಣಿನದು. ಆದ್ದರಿಂದ ಮೊದಲು ಮಣ್ಣಿನ ಮಾತು. ಒದ್ದೆಯಾದ ನೆಲದ ಮೇಲೆ ಭಾರದ ಚಕ್ರ ಹರಿದಾಗ ಕಣಗಳ ನಡುವಿನ ದೊಡ್ಡ ರಂಧ್ರಗಳು ಮೊದಲು ಮುಚ್ಚುತ್ತವೆ. ನೀರು ಇಂಗುವುದೂ ಬೇರಿಗೆ ಗಾಳಿ ಸೇರುವುದೂ ಆ ರಂಧ್ರಗಳ ಮೂಲಕವೇ. ನೆಲ ಒಡ್ಡುವ ಪ್ರತಿರೋಧ ಸುಮಾರು 2 ಮೆಗಾಪಾಸ್ಕಲ್ ಮೀರಿತೆಂದರೆ ಬಹುತೇಕ ಗಿಡಗಳ ಬೇರು ಮುಂದಕ್ಕೆ ಚಾಚಲಾರದು. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಹಾನಿಯ ದೊಡ್ಡ ಪಾಲು ಮೊದಲ ಕೆಲವು ಓಡಾಟಗಳಲ್ಲಿಯೇ ಆಗಿಹೋಗುತ್ತದೆ. "ವರ್ಷಕ್ಕೊಂದೇ ಸಲ ಸಾರ್" ಎಂಬ ಸಮಜಾಯಿಷಿ ಆದಕಾರಣ ನಿಲ್ಲದು. ಇಳಿಜಾರಿನ ಹುಲ್ಲುಗಾವಲಿನಲ್ಲಿ ಒಂದು ಮಳೆಗಾಲ ಮೂಡಿದ ಚಕ್ರದ ಗುರುತು ಮುಂದಿನ ಮಳೆಗಾಲಕ್ಕೆ ನೀರಿನ ದಾರಿ, ಅದರ ಮುಂದಿನದಕ್ಕೆ ಕೊರಕಲು. ಹಳ್ಳದ ಕತೆ ಇನ್ನೂ ಕಷ್ಟದ್ದು. ಜಲ್ಲಿಕಲ್ಲುಗಳ ಸಂದಿನಲ್ಲಿ ಮೊಟ್ಟೆಯಿಡುವ ಮೀನುಗಳಿಗೆ ಆ ಸಂದಿನೊಳಗೆ ಹರಿಯುವ ತಿಳಿನೀರೇ ಉಸಿರು. ಜೀಪು ಕಲಕಿದ ಹೂಳು ಅಲ್ಲಿ ಕುಳಿತರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಇದನ್ನು ನೋಡಲು ಸೂಕ್ಷ್ಮದರ್ಶಕ ಬೇಡ, ಹಳ್ಳದ ದಂಡೆಯಲ್ಲಿ ಅರ್ಧ ಗಂಟೆ ಕುಳಿತರೆ ಸಾಕು.

ಹಳ್ಳಕ್ಕಿಳಿಯದವರು ಘಾಟಿ ಹತ್ತುತ್ತಾರೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಎಷ್ಟು ನಿಮಿಷದಲ್ಲಿ ಇಳಿದೆನೆಂದು ಹೇಳಿಕೊಳ್ಳುವ ತರುಣರನ್ನು ನಾನು ಬಲ್ಲೆ. ತಿರುವಿನಾಚೆ ಸಿಂಗಳೀಕದ ಹಿಂಡಿರಬಹುದು, ಶಾಲೆಯ ಮಕ್ಕಳಿರಬಹುದು, ಗೇರು ಬದಲಿಸಲಾರದೆ ನಿಂತ ಬಸ್ಸಿರಬಹುದು. ಮೋಟಾರು ವಾಹನ ಕಾಯ್ದೆಯ 189ನೆಯ ಕಲಮು ಸರ್ಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದನ್ನು ಅಪರಾಧವೆನ್ನುತ್ತದೆ. ಘಾಟಿಯ ಕತ್ತಲೆಯಲ್ಲಿ ಆ ಕಲಮನ್ನು ಓದುವವರು ಯಾರು?

ನನ್ನ ಅಕ್ಕನ ಮಗನೊಬ್ಬ ಹಳೆಯ ಜಿಪ್ಸಿಯೊಂದನ್ನು ನೋಡಿಟ್ಟು ನನ್ನಲ್ಲಿಗೆ ಬಂದ. "ಮಾವ, ಎರಡು ಇಂಚು ಎತ್ತರಿಸಿ ದೊಡ್ಡ ಟೈರು ಹಾಕಿಸಿದರೆ ನಮ್ಮ ಹಳ್ಳ ಯಾವ ಲೆಕ್ಕ?" ಎಂದ. ಆ ಹಳ್ಳದಿಂದಲೇ ಅವನ ತಂದೆಯ ತೋಟಕ್ಕೆ ನೀರು. ಬೈದರೆ ಜಿಪ್ಸಿ ಬರುವುದು ತಪ್ಪುವುದಿಲ್ಲ, ನನ್ನ ಮನೆಗೆ ಅವನು ಬರುವುದು ತಪ್ಪುತ್ತದೆ. ಆದ್ದರಿಂದ ಬೇರೊಂದು ಮಾತು ಹೇಳಿದೆ. ಜಿಪ್ಸಿಯ ಕೊನೆಯ ವರ್ಷಗಳ ಮಾದರಿಯಲ್ಲಿಯೂ ಮಾರುತಿ ಎಸ್ಟೀಮ್ ಕಾರಿನಲ್ಲಿಯೂ ಇರುವುದು ಒಂದೇ ಕುಲದ 1298 ಸಿ.ಸಿ. ಎಂಜಿನ್. ಅದು ಎಸ್ಟೀಮ್‌ನಲ್ಲಿ 85 ಅಶ್ವಶಕ್ತಿಯವರೆಗೆ ಕೊಡುತ್ತದೆ, ಕಾರಿನ ತೂಕವೋ ಒಂಬೈನೂರು ಕಿಲೋಗೂ ಕಡಿಮೆ. "ವೇಗವೇ ಬೇಕಿದ್ದರೆ ಅದನ್ನು ತಾ. ಹಳ್ಳವನ್ನು ಬಿಡು" ಎಂದೆ. ಆರು ತಿಂಗಳು ಅಡಿಕೆ ಒಣಗಿಸುವ ಅಂಗಳದ ಪಕ್ಕದ ಕೊಟ್ಟಿಗೆಯಲ್ಲಿ ನಾವಿಬ್ಬರೂ ಆ ಕಾರಿನ ಕೆಳಗೆ ಮಲಗಿದೆವು.

ಅಗ್ಗದ ಕಾರು, ಓಟ, ಇವೆರಡೂ ಕೂಡಿ ಬರಲಾರವೆನ್ನುವವರು ಕೊಯಮತ್ತೂರಿನ ಎಸ್. ಕರಿವರ್ಧನ್ ಅವರನ್ನು ನೆನೆಯಬೇಕು. ಜವಳಿ ಗಿರಣಿಯ ಮನೆತನದ ಆ ಮನುಷ್ಯ ಮಾರುತಿ 800ರ 796 ಸಿ.ಸಿ. ಎಂಜಿನ್ನನ್ನೇ ತೆಗೆದುಕೊಂಡು ಒಬ್ಬರೇ ಕೂರುವ ಓಟದ ಕಾರನ್ನು ನಿರ್ಮಿಸಿದರು. ಫಾರ್ಮುಲಾ ಮಾರುತಿ ಎಂದು ಹೆಸರಾದ ಆ ಕಾರಿನಲ್ಲಿ ಓಟ ಆರಂಭಿಸಿದವರಲ್ಲಿ ನಾರಾಯಣ್ ಕಾರ್ತಿಕೇಯನ್ ಒಬ್ಬರು. 1995ರಲ್ಲಿ ಕರಿವರ್ಧನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ 2003ರಲ್ಲಿ ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿ ಆರಂಭವಾಯಿತು. ಅದರ ಉದ್ದ ಸುಮಾರು 2.1 ಕಿ.ಮೀ. ಅದಕ್ಕೂ ಹಿಂದೆ, 1990ರಿಂದ, ಶ್ರೀಪೆರುಂಬುದೂರಿನ ಬಳಿಯ ಇರುಂಗಾಟುಕೋಟೈ ಟ್ರ್ಯಾಕ್ ಇದೆ. ಸ್ಪರ್ಧೆಯಲ್ಲದ, ಶುಲ್ಕ ಕಟ್ಟಿ ಸ್ವಂತ ಕಾರನ್ನು ಓಡಿಸಿ ಕಲಿಯುವ ದಿನಗಳನ್ನು 'ಟ್ರ್ಯಾಕ್ ಡೇ' ಎನ್ನುತ್ತಾರೆ. ಅಲ್ಲಿ ಗೆಲುವಿಲ್ಲ, ಕಪ್ಪಿಲ್ಲ. ಹಿಂದಿನ ಸುತ್ತಿಗಿಂತ ಈ ಸುತ್ತು ನಯವಾಯಿತೇ ಎಂಬುದೊಂದೇ ಪ್ರಶ್ನೆ.

ಕಾರನ್ನು ಆರಿಸುವಾಗ ನಮ್ಮ ಹುಡುಗರು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ. ನಾನು ಮೊದಲು ನೋಡಿದ್ದು ತುಕ್ಕನ್ನು. ಸೋತ ಎಂಜಿನ್ನನ್ನು ಬದಲಿಸಬಹುದು, ತುಕ್ಕು ತಿಂದ ಒಡಲನ್ನು ಬದಲಿಸಲಾಗದು. ಮ್ಯಾಟ್ ಎತ್ತಿ ತಳದ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು, ಬಾಗಿಲ ಕೆಳಗಿನ ಪಟ್ಟಿಯನ್ನು ಬೆರಳಿನಿಂದ ತಟ್ಟಬೇಕು, ಬಾನೆಟ್ಟಿನೊಳಗೆ ಮುಂದಿನ ಶಾಕ್ ಅಬ್ಸಾರ್ಬರಿನ ತಲೆ ಕೂಡುವ ತಗಡಿನಲ್ಲಿ ಬಿರುಕಿದೆಯೇ ಎಂದು ಬೆಳಕು ಬಿಟ್ಟು ಪರೀಕ್ಷಿಸಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಬೆಳೆದ ಕಾರು ಎಷ್ಟು ಮಿರುಗಿದರೂ ಬೇಡ. ನಮ್ಮ ಮಳೆನಾಡಿನದೂ ಅನುಮಾನವೇ. ನಾವು ಚಿತ್ರದುರ್ಗದ ಕಡೆಯ ಕಾರನ್ನು ಅರುವತ್ತು ಸಾವಿರಕ್ಕೆ ತಂದೆವು. ಬಣ್ಣ ಮಾಸಿತ್ತು, ತಗಡು ಗಟ್ಟಿಯಿತ್ತು. ಎಸ್ಟೀಮ್ ತಯಾರಿಕೆ ನಿಂತು ಹದಿನೈದು ವರ್ಷ ಮೀರಿದೆ. ಹೀಗಾಗಿ ನೋಂದಣಿ ನವೀಕರಣವಾಗಿದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಬೇಕು.

ಆಮೇಲೆ ಬ್ರೇಕು. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಚಾಲಕನೂ ಸೇರಿ 940 ಕಿಲೋ ತೂಗುವ ಕಾರು ಗಂಟೆಗೆ 120 ಕಿ.ಮೀ. ವೇಗದಿಂದ 60ಕ್ಕೆ ಇಳಿದರೆ ಸುಮಾರು 390 ಕಿಲೋಜೂಲ್ ಶಕ್ತಿ ಬಹುಮಟ್ಟಿಗೆ ಬ್ರೇಕುಗಳಲ್ಲಿ ಶಾಖವಾಗಬೇಕು. ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖವದು. ಒಂದು ತಿರುವಿಗೆ ಇಷ್ಟು; ಸುತ್ತಿಗೆ ಹಲವು ತಿರುವು. ಆ ಶಾಖ ಪ್ಯಾಡಿನಿಂದ ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ. ಬ್ರೇಕ್ ಆಯಿಲ್ ಹೆಸರಿಗೆ ಎಣ್ಣೆ. ಗುಣದಲ್ಲಿ ಮಳೆಗಾಲದ ಉಪ್ಪಿನ ಭರಣಿ. ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಹೊಸ ಡಾಟ್-3 ಆಯಿಲ್ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ತೇವ ಕುಡಿದ ಅದೇ ಆಯಿಲಿಗೆ ಮಾನಕ ಒಪ್ಪುವ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್-4ರಲ್ಲಿ ಇವು 230 ಮತ್ತು 155. ಆಯಿಲ್ ಕುದ್ದು ಆವಿಯಾದರೆ ಪೆಡಲು ಹತ್ತಿಯ ಮೂಟೆಯನ್ನು ತುಳಿದಂತೆ ತಳ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಎರಡು ಮಳೆಗಾಲ ಕಳೆದ ಬ್ರೇಕ್ ಆಯಿಲನ್ನು ಇಟ್ಟುಕೊಂಡು ಟ್ರ್ಯಾಕಿಗಿರಲಿ, ಘಾಟಿಗೂ ಇಳಿಯಬಾರದು. ಹೊಸ ಡಾಟ್-4, ಒಳ್ಳೆಯ ಪ್ಯಾಡು, ಬಿರುಕಿಲ್ಲದ ರಬ್ಬರ್ ಪೈಪು: ನಮ್ಮ ಎಸ್ಟೀಮಿಗೆ ಮೊದಲು ಸಂದದ್ದು ಇವು ಮೂರು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಪಟ್ಟೆ ಎಷ್ಟೇ ಆಳವಿರಲಿ, ವಯಸ್ಸಾದ ರಬ್ಬರು ಗಡುಸಾಗಿ ಹಿಡಿತ ಬಿಡುತ್ತದೆ. ಕಾರನ್ನು ಮುಟ್ಟಿಕೊಂಡಿರುವ ನೆಲ ನಾಲ್ಕು ಅಂಗೈಯಗಲ ಮಾತ್ರವೆಂಬುದನ್ನು ಮರೆತವನು ಎಂಜಿನ್ನಿಗೆ ಹಣ ಸುರಿಯುತ್ತಾನೆ. ತೂಕ ಇಳಿಸುವುದಕ್ಕಂತೂ ಬಿಡಿಕಾಸು ಬೇಡ. ಟ್ರ್ಯಾಕಿಗೆ ಇಳಿಯುವ ಮುನ್ನ ಸ್ಟೆಪ್ನಿ, ಜ್ಯಾಕು, ಡಿಕ್ಕಿಯ ಸಾಮಾನು ಎಲ್ಲವನ್ನೂ ಹೊರಗಿಟ್ಟರಾಯಿತು. ಸಡಿಲ ವಸ್ತು ಒಂದೂ ಒಳಗಿರಬಾರದು.

ಇಲ್ಲಿಯೇ ನಮ್ಮ ಗೆಳೆಯರ ಜಾಣ್ಮೆ ತಲೆಕೆಳಗಾಗುವುದು. ಮೊದಲ ಹಣ ಊರೆಲ್ಲ ಎಚ್ಚರಗೊಳ್ಳುವಂಥ ಸೈಲೆನ್ಸರಿಗೆ, ಎರಡನೆಯದು ಕಣ್ಣು ಕೋರೈಸುವ ದೀಪಗಳಿಗೆ, ಬ್ರೇಕಿಗೆ ಶೂನ್ಯ! ಸದ್ದು ವೇಗವಲ್ಲ. ಕಾಯ್ದೆಯ 52ನೆಯ ಕಲಮು ತಯಾರಕನ ಮೂಲ ರೂಪಕ್ಕೆ ವಿರುದ್ಧವಾದ ಮಾರ್ಪಾಟನ್ನು ತಡೆಯುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ರೋಲ್ ಕೇಜ್ ಎನ್ನುವ ಉಕ್ಕಿನ ಪಂಜರವೂ ಹಾಗೆಯೇ. ಹೆಲ್ಮೆಟ್ಟು, ಬಿಗಿಯಾದ ಪಟ್ಟಿ, ಓಟದ ಆಸನ ಇರುವ ಸ್ಪರ್ಧೆಯ ಕಾರಿನಲ್ಲಿ ಅದು ಪ್ರಾಣರಕ್ಷಕ. ಬರಿದಲೆಯಲ್ಲಿ ರಸ್ತೆಗಿಳಿದರೆ ಅದೇ ಕೊಳವೆಗೆ ತಲೆಬುರುಡೆ ಬಡಿಯುತ್ತದೆ. ಪಂಜರ ಹಾಕಿದ ಕಾರು ಲಾರಿಯ ಮೇಲೆ ಟ್ರ್ಯಾಕಿಗೆ ಹೋಗಬೇಕು. ಮೊದಲ ಎರಡು ವರ್ಷ ಅದರ ಗೊಡವೆಯೇ ಬೇಡವೆಂದು ನಾವು ತೀರ್ಮಾನಿಸಿದೆವು. ಮೂಲ ರೂಪದ ಕಾರು, ಒಳ್ಳೆಯ ಬ್ರೇಕು, ಹೊಸ ಟೈರು, ಚೊಕ್ಕಟ ರೇಡಿಯೇಟರು, ಆಯೋಜಕರು ಒಪ್ಪುವ ಹೆಲ್ಮೆಟ್ಟು. ಕಾರಿಗೆ ಕೊಟ್ಟದ್ದಕ್ಕಿಂತ ಕಡಿಮೆಯಲ್ಲಿ ಇಷ್ಟೂ ಮುಗಿಯಿತು. ಎತ್ತರಿಸಿದ ಜಿಪ್ಸಿಯ ಟೈರುಗಳಿಗೇ ಅಷ್ಟು ಹೋಗುತ್ತಿತ್ತು.

ಬದಲಿಸಿದ ಎಂಜಿನ್ ಆಯಿಲಿನ ಬಗ್ಗೆ ಒಂದು ಮಾತು. ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವುದು, ಮಿಕ್ಕದ್ದನ್ನು ಚರಂಡಿಗೆ ಚೆಲ್ಲುವುದು ನಮ್ಮಲ್ಲಿ ರೂಢಿ. ಕೃಷಿ ವಿಜ್ಞಾನಿಯಾಗಿ ಹೇಳುತ್ತೇನೆ, ಎರಡೂ ತಪ್ಪು. ಡಬ್ಬಿಯಲ್ಲಿ ತುಂಬಿ ಹಳೆಯ ಆಯಿಲ್ ಕೊಳ್ಳುವ ಪರವಾನಗಿದಾರರಿಗೆ ಮುಟ್ಟಿಸಬೇಕು.

ಇನ್ನು ನಮ್ಮ ಹಿರಿಯರ ಆಕ್ಷೇಪ. "ಪೆಟ್ರೋಲು ಸುಟ್ಟು ಸುತ್ತು ಹೊಡೆಯುವುದಕ್ಕೆ ಪರಿಸರವಾದಿಯ ಸಮರ್ಥನೆಯೇ?" ಲೆಕ್ಕವನ್ನು ಬಚ್ಚಿಡುವುದಿಲ್ಲ. ಟ್ರ್ಯಾಕಿನಲ್ಲಿ ದಿನಕ್ಕೆ ನೂರು ಕಿ.ಮೀ. ಓಡಿಸಿದರೆ, ಲೀಟರಿಗೆ ಐದರಂತೆ, ಇಪ್ಪತ್ತು ಲೀಟರ್. ಶಿವಮೊಗ್ಗೆಯಿಂದ ಕೊಯಮತ್ತೂರಿಗೆ ಹೋಗಿಬರುವ ಒಂಬೈನೂರು ಚಿಲ್ಲರೆ ಕಿ.ಮೀ. ದಾರಿಗೆ ಇನ್ನೂ ಅರುವತ್ತೈದು. ಲೀಟರಿಗೆ 2.3 ಕಿಲೋದಂತೆ ಒಟ್ಟು ಸುಮಾರು 195 ಕಿಲೋ ಇಂಗಾಲದ ಡೈಆಕ್ಸೈಡ್. ಟೈರು ಸವೆದ ಪುಡಿಯೂ ನಿರಪಾಯಕಾರಿಯಲ್ಲ: ಟೈರಿನ ರಾಸಾಯನಿಕವೊಂದರಿಂದ ಹುಟ್ಟುವ ವಸ್ತು ಅಮೆರಿಕದ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆಯೆಂದು 2020ರಲ್ಲಿ ಗೊತ್ತಾಯಿತು. ದಾರಿಯಲ್ಲಿ ದಿಂಬಂ ಘಾಟಿ ಬೇರೆ. ಸತ್ಯಮಂಗಲದ ಹುಲಿ ಮೀಸಲಿನ ನಡುವೆ ಹಾಯುತ್ತದೆ. 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದದ್ದು ಸರಿಯಾದುದೇ, ಹಗಲಿನಲ್ಲಿ ಮೆಲ್ಲಗೆ ಹೋಗಬೇಕು. ಇಷ್ಟನ್ನೂ ಒಪ್ಪಿ ಕೇಳುತ್ತೇನೆ: ವರ್ಷಕ್ಕೊಮ್ಮೆ, ಮೂವರು ಒಂದೇ ಕಾರಿನಲ್ಲಿ ಹೋಗಿ ಸರದಿಯಲ್ಲಿ ಓಡಿಸಿ ಬರುವುದು ಹೆಚ್ಚೋ, ಮಳೆಗಾಲವಿಡೀ ಪ್ರತಿ ಭಾನುವಾರ ಹಳ್ಳ ಕಲಕುವುದು ಹೆಚ್ಚೋ? ಮನೆಮಗನ ಮದುವೆಗೆ ನೂರು ಕಾರುಗಳ ದಿಬ್ಬಣ ಹೊರಡಿಸುವ ನಮ್ಮ ಹಿರಿಯರು ಆ ಪೆಟ್ರೋಲಿನ ಲೆಕ್ಕವನ್ನು ಯಾವ ಠರಾವಿನಲ್ಲಿ ಬರೆದರು?

ಹಾಗೆಂದು ಮಲೆನಾಡಿನಲ್ಲಿಯೇ ಟ್ರ್ಯಾಕ್ ಕಟ್ಟಿ ಎನ್ನುವವನಲ್ಲ ನಾನು. ಹಾಗೆ ಯಾರಾದರೂ ಗುಡ್ಡ ಸವರಲು ಬಂದರೆ ಎದುರು ನಿಲ್ಲುವವರಲ್ಲಿ ನಾನೂ ಇರುತ್ತೇನೆ. ಚೆನ್ನೈ ಬಳಿಯ ಶೋಲಾವರಂನಲ್ಲಿ ದಶಕಗಳ ಕಾಲ ಓಟ ನಡೆದದ್ದು ಮಹಾಯುದ್ಧದ ಕಾಲದ ಹಳೆಯ ವಿಮಾನ ಪಟ್ಟಿಯ ಮೇಲೆ. ಬಯಲುಸೀಮೆಯಲ್ಲಿ ಈಗಾಗಲೇ ಡಾಂಬರು ಕಂಡ, ಬಳಕೆ ತಪ್ಪಿದ ಜಾಗ ದೊರೆತರೆ ವರ್ಷಕ್ಕೆ ನಾಲ್ಕು ದಿನ ಬಿಟ್ಟುಕೊಡಲು ಸರ್ಕಾರವನ್ನು ಕೇಳಬಹುದು. ಕೊಯಮತ್ತೂರಿನ ದಾರಿಯ ಪೆಟ್ರೋಲೂ ಉಳಿಯುತ್ತದೆ.

ಬಳಗದ ಮುಂದಿನ ಸಭೆಗೆ ಎರಡು ಸೂಚನೆಗಳನ್ನು ತರುತ್ತಿದ್ದೇನೆ. ಮುಂಗಾರಿಗೆ ಮೊದಲು ಜಿಲ್ಲಾಡಳಿತಕ್ಕೂ ಅರಣ್ಯ ಇಲಾಖೆಗೂ ಮನವಿ ಕೊಟ್ಟು, ಹಳ್ಳದ ಪಾತ್ರದಲ್ಲಿ ಮತ್ತು ಹುಲ್ಲುಗಾವಲಿನಲ್ಲಿ ಜೀಪು ಪಂದ್ಯಗಳಿಗೆ ಅನುಮತಿ ಕೊಡದಂತೆ ಒತ್ತಾಯಿಸುವುದು ಒಂದು. ಆ ಮನವಿಗೆ ಜೀಪು ಓಡಿಸುವ ಹುಡುಗರ ಸಹಿಯನ್ನೂ ಪಡೆಯುವುದು ಇನ್ನೊಂದು. ನನ್ನ ಅಳಿಯ ಈಗಾಗಲೇ ಸಹಿ ಹಾಕಿದ್ದಾನೆ. ಬ್ರೇಕ್ ಆಯಿಲ್ ಬದಲಿಸುವುದನ್ನು ಕಲಿಯಬಯಸುವವರು ಭಾನುವಾರ ಬೆಳಿಗ್ಗೆ ನಮ್ಮ ಕೊಟ್ಟಿಗೆಗೆ ಬರಬಹುದು. ಜೀಪಿನಲ್ಲಿ ಬರುವವರು ಸೇತುವೆಯ ಮೇಲಿಂದಲೇ ಬರಬೇಕು.